ಅಂಚು ಮಗ್ಗದಲ್ಲೇ ಬರಬೇಕು: ಸ್ಪೋರ್ಟ್ಸ್ ಸೆಡಾನ್‌ಗೆ ಪ್ಯಾಕೇಜ್ ಆರಿಸುವ ಬಗೆ

ಇಳಕಲ್ಲಿನಲ್ಲಿ ಸೀರೆ ಕೊಳ್ಳುವಾಗ ನನ್ನ ತಾಯಿ ಮೊದಲು ನೋಡುತ್ತಿದ್ದುದು ಅಂಚನ್ನು. ಕಸೂತಿಯನ್ನು ಆಮೇಲೆ ಹಾಕಿಸಬಹುದು, ಕುಚ್ಚನ್ನು ಆಮೇಲೆ ಕಟ್ಟಿಸಬಹುದು, ಅಂಚು ಮಾತ್ರ ಮಗ್ಗದಲ್ಲೇ ಬರಬೇಕು ಎನ್ನುವುದು ಅವಳ ಲೆಕ್ಕ. 2019ರ ಡಿಸೆಂಬರಿನಲ್ಲಿ ಮಿಷಿಗನ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಬಿಎಂಡಬ್ಲ್ಯು ಎಂ340ಐ ಕಾರಿನ ಆಯ್ಕೆಪಟ್ಟಿಯನ್ನು ಹರಡಿಕೊಂಡು ಕುಳಿತಾಗ ನನಗೆ ನೆರವಾದದ್ದು ಆ ಲೆಕ್ಕವೇ. ಕಾರ್ಖಾನೆಯಲ್ಲಿ ಮಾತ್ರ ಕೂಡಿಸಲು ಸಾಧ್ಯವಾದವು ಯಾವುವು, ಆಮೇಲೆ ಹಾಕಿಸಿಕೊಳ್ಳಬಹುದಾದವು ಯಾವುವು, ಮೂರು ವರ್ಷಕ್ಕೆ ಹಳತಾಗುವವು ಯಾವುವು ಎಂದು ಪೆನ್ಸಿಲಿನಿಂದ ಅಂ, ಕು, ಹ ಎಂದು ಗುರುತು ಹಾಕುತ್ತಾ ಹೋದೆ. ಪಕ್ಕದಲ್ಲಿದ್ದ ಗಂಡನಿಗೆ ಬಣ್ಣವೊಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ.

ನನ್ನ ಕೆಲಸ ಶಾಕ್ ಅಬ್ಸಾರ್ಬರ್‌ಗಳನ್ನು ಪರೀಕ್ಷಿಸುವುದು. ಹಾಗಿದ್ದೂ ಇದಕ್ಕೆ ಹಿಂದಿನ ಕಾರನ್ನು, ಅದು ಬೇರೆ ಕಂಪನಿಯದು, ಒಂದೇ ಸಂಜೆಯಲ್ಲಿ ಅಂಗಡಿಯ ಅಂಗಳದಲ್ಲಿ ನಿಂತದ್ದನ್ನು ನಿಂತ ಹಾಗೆಯೇ ಕೊಂಡುಬಿಟ್ಟಿದ್ದೆ. ಅದರಲ್ಲಿ 20 ಇಂಚಿನ ಗಾಲಿಗಳಿದ್ದವು, ಹಿಂದಿನ ಸೀಟಿಗೆ ಪರದೆಗಳಿದ್ದವು, ನಾನು ಒಮ್ಮೆಯೂ ಬಳಸದ ಸುಗಂಧದ ಡಬ್ಬಿಯೊಂದಿತ್ತು. ಮೊದಲ ವಸಂತದಲ್ಲೇ ಎರಡು ಗಾಲಿಗಳು ಸೊಟ್ಟಗಾದವು. ತಪ್ಪು ಕಾರಿನದಲ್ಲ, ನನ್ನದು. ನಾನಿರುವ ಊರಿನ ರಸ್ತೆ ಹೇಗಿದೆ ಎಂದು ಪಟ್ಟಿ ನೋಡುವ ಮುನ್ನವೇ ಯೋಚಿಸಬೇಕಿತ್ತು.

ಆದ್ದರಿಂದ ಪಟ್ಟಿಯನ್ನು ತೆರೆಯುವ ಮೊದಲು ಒಂದು ವಾರ ನಿಮ್ಮ ಓಡಾಟವನ್ನು ಬರೆದಿಡಿ. ದಿನಕ್ಕೆ ಎಷ್ಟು ದೂರ, ಯಾವ ರಸ್ತೆ, ಹಿಂದಿನ ಸೀಟಿನಲ್ಲಿ ಯಾರು, ಎಷ್ಟು ಹೊತ್ತು ವಾಹನದಟ್ಟಣೆಯಲ್ಲಿ ನಿಲ್ಲುತ್ತೀರಿ, ಕಾರು ರಾತ್ರಿ ಎಲ್ಲಿ ಮಲಗುತ್ತದೆ. ನನ್ನ ಚೀಟಿಯಲ್ಲಿದ್ದದ್ದು: ದಿನಕ್ಕೆ 52 ಮೈಲಿ, ಅರ್ಧ ಹೆದ್ದಾರಿ, ಮಾರ್ಚ್ ಬಂದರೆ ಗುಂಡಿ, ಹಿಂದಿನ ಸೀಟು ಬಹುತೇಕ ಖಾಲಿ, ಬಿಸಿಯಿಲ್ಲದ ಗ್ಯಾರೇಜು. ಆ ಚೀಟಿಗೆ ಉತ್ತರ ಕೊಡದ ಯಾವ ಪ್ಯಾಕೇಜಿಗೂ ನಾನು ಹಣ ಕೊಡಲಿಲ್ಲ. ಬಣ್ಣದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಪ್ಯಾಕೇಜ್ ಎನ್ನುವುದು ಮದುವೆಮನೆಯ ಊಟದ ಹಾಗೆ. ನಿಮಗೆ ಬೇಕಾದದ್ದು ಹೋಳಿಗೆ, ಎಲೆಗೆ ಬೀಳುವುದು ಹದಿನೆಂಟು ಬಗೆ. ಆ ವರ್ಷ ಅಮೆರಿಕದಲ್ಲಿ ಹಿಂಗಾಲಿ ಚಾಲನೆಯ ಎಂ340ಐ ಮೂಲಬೆಲೆ 54,000 ಡಾಲರ್, ನಾಲ್ಕೂ ಗಾಲಿ ಎಳೆಯುವ ಎಕ್ಸ್‌ಡ್ರೈವ್‌ಗೆ 56,000. ಸಾಗಣೆಗೆ 995 ಬೇರೆ. ಮೇಲೆ ಮಿಷಿಗನ್‌ನ ಶೇಕಡಾ 6 ಮಾರಾಟ ತೆರಿಗೆ, ನೀವು ಗುರುತು ಹಾಕುವ ಪ್ರತಿಯೊಂದು ಚೌಕಕ್ಕೂ ಸೇರಿ. ಪ್ರೀಮಿಯಂ ಪ್ಯಾಕೇಜಿನಲ್ಲಿ ಬಿಸಿಯಾಗುವ ಮುಂದಿನ ಸೀಟು, ಬಿಸಿಯಾಗುವ ಸ್ಟಿಯರಿಂಗ್, ಗಾಜಿನ ಮೇಲೆ ವೇಗ ತೋರಿಸುವ ಹೆಡ್‌ಅಪ್ ಡಿಸ್‌ಪ್ಲೇ. ನನ್ನ ಚೀಟಿಯ ಪ್ರಕಾರ ಮೂರರಲ್ಲಿ ಮೂರೂ ಬೇಕು. ಎಕ್ಸಿಕ್ಯುಟಿವ್ ಎಂಬ ಮೇಲಿನ ಮೆಟ್ಟಿಲಿಗೆ ಹೋದರೆ ತಿರುವಿಗೆ ತಿರುಗುವ ದೀಪಗಳ ಜೊತೆ ಕೈಸನ್ನೆಯಿಂದ ರೇಡಿಯೊ ನಿಯಂತ್ರಿಸುವ ವ್ಯವಸ್ಥೆಯೂ ಬರುತ್ತಿತ್ತು. ಅದಕ್ಕೆ ನಾನು 'ಹ' ಎಂದು ಗುರುತು ಹಾಕಿದೆ. ಮಾತನಾಡುವಾಗ ಕೈಯಾಡಿಸುವ ನಮ್ಮಂಥವರ ಕಾರಿನಲ್ಲಿ ಅದು ತಾನಾಗಿಯೇ ದನಿ ಏರಿಸಿಬಿಡುತ್ತದೆ ಎಂಬುದು ಒಂದು ಕಾರಣ. 2015ರಲ್ಲಿ 7 ಸರಣಿಯೊಂದಿಗೆ ದೊಡ್ಡ ಸದ್ದು ಮಾಡುತ್ತಾ ಬಂದ ಆ ಕೈಸನ್ನೆ, 2023ರ ಹೊಸ 5 ಸರಣಿಯ ಹೊತ್ತಿಗೆ ಪಟ್ಟಿಯಿಂದಲೇ ಮಾಯವಾಗಿತ್ತು. ಪ್ಯಾಕೇಜಿನ ಬೆಲೆಯನ್ನು ಒಳಗಿರುವ ವಸ್ತುಗಳ ಸಂಖ್ಯೆಯಿಂದ ಭಾಗಿಸಬೇಡಿ, ನೀವು ನಿಜವಾಗಿ ಬಳಸುವ ವಸ್ತುಗಳ ಸಂಖ್ಯೆಯಿಂದ ಭಾಗಿಸಿ. ಐದರಲ್ಲಿ ಒಂದೇ ಬೇಕಾದರೆ ಆ ಒಂದರ ಬೆಲೆ ಪ್ಯಾಕೇಜಿನ ಪೂರ್ತಿ ಬೆಲೆ.

ಈಗ ಅಂಚಿನ ಮಾತು. ಸಸ್ಪೆನ್ಷನ್ ಬಗ್ಗೆ, ಅಂದರೆ ಗಾಲಿಗೂ ಕಾರಿನ ಮೈಗೂ ನಡುವೆ ಇರುವ ಸ್ಪ್ರಿಂಗು, ಶಾಕ್‌ಗಳ ಜೋಡಣೆಯ ಬಗ್ಗೆ, ನಾನು ಉದ್ದ ಮಾತನಾಡುತ್ತೇನೆ, ಕ್ಷಮೆ ಇರಲಿ, ಹೊಟ್ಟೆಪಾಡು ಅದರದೇ.

ಕಾರಿನ ಶಾಕ್ ಅಬ್ಸಾರ್ಬರ್‌ಗೆ ಒಂದಕ್ಕೊಂದು ಹೊಂದದ ಎರಡು ಕೆಲಸಗಳಿವೆ. ಕಾರಿನ ಮೈ ಸೆಕೆಂಡಿಗೆ ಒಂದೆರಡು ಸಲ ದೋಣಿಯಂತೆ ತೂಗುತ್ತದೆ, ಗಾಲಿಯಾದರೋ ಗುಂಡಿಗೆ ಬಡಿದಾಗ ಸೆಕೆಂಡಿಗೆ ಹತ್ತು ಹದಿನೈದು ಸಲ ಅದುರುತ್ತದೆ. ಮೈಯ ತೂಗಾಟವನ್ನು ಹಿಡಿದು ನಿಲ್ಲಿಸುವಷ್ಟು ಬಿಗಿ ಮಾಡಿದರೆ ಗಾಲಿಯ ಪ್ರತಿ ಬಡಿತವೂ ಬೆನ್ನಿಗೆ ತಲುಪುತ್ತದೆ. ಸಡಿಲ ಬಿಟ್ಟರೆ ತಿರುವಿನಲ್ಲಿ ಕಾರು ವಾಲುತ್ತದೆ. ಸಾಮಾನ್ಯ ಶಾಕ್‌ನಲ್ಲಿ ಎಂಜಿನಿಯರ್ ಎಲ್ಲೋ ಒಂದು ಕಡೆ ರಾಜಿ ಮಾಡಿಕೊಳ್ಳುತ್ತಾನೆ. ಎಂ340ಐಯಲ್ಲಿ ಆ ರಾಜಿ ಬಿಗಿಯ ಕಡೆಗೆ ವಾಲಿದೆ, ಎಂ ಸ್ಪೋರ್ಟ್ ಸಸ್ಪೆನ್ಷನ್ ಕಾರನ್ನು 10 ಮಿಲಿಮೀಟರ್ ಕೆಳಗೂ ಇಳಿಸುತ್ತದೆ. ಅಡಾಪ್ಟಿವ್ ಎಂ ಸಸ್ಪೆನ್ಷನ್‌ನಲ್ಲಿ ಶಾಕ್‌ನೊಳಗಿನ ಎಣ್ಣೆಯ ದಾರಿಯನ್ನು ವಿದ್ಯುತ್ ಕವಾಟವೊಂದು ಕ್ಷಣಕ್ಷಣಕ್ಕೂ ಕಿರಿದು ಹಿರಿದು ಮಾಡುತ್ತಿರುತ್ತದೆ. ಬೆಲೆ ಆಗ 700 ಡಾಲರ್. ಬಹಳ ಜನ ಇದನ್ನು ರೇಸಿಗೆ ಬೇಕಾದ ವಸ್ತು ಎಂದುಕೊಂಡು ಬಿಟ್ಟುಬಿಡುತ್ತಾರೆ. ಅದರ ನಿಜವಾದ ಲಾಭ ಸವಾರಿಯನ್ನು ಮೆತ್ತಗೆ ಮಾಡುವ ಕಂಫರ್ಟ್ ಬಟನ್‌ನಲ್ಲಿದೆ, ಕೆಟ್ಟ ರಸ್ತೆಯ ಮೇಲೆ.

ನನ್ನ ಮಾತು ನಂಬಬೇಡಿ, ಓಡಿಸಿ ನೋಡಿ. ಅಡಾಪ್ಟಿವ್ ಇರುವ ಕಾರು ಒಂದು, ಇಲ್ಲದ ಕಾರು ಇನ್ನೊಂದು, ಒಂದೇ ಅಳತೆಯ ಗಾಲಿ, ಅದೇ ದಿನ, ಅದೇ ರಸ್ತೆ. ಎರಡೂ ಒಂದೇ ಅಂಗಡಿಯಲ್ಲಿ ಸಿಗದಿದ್ದರೆ ಎರಡು ಅಂಗಡಿಗೆ ಹೋಗಿ. ಮಾರಾಟಗಾರ ಹೇಳುವ ದಾರಿಯಲ್ಲಿ ಹೋಗಬೇಡಿ, ಆ ದಾರಿಗೆ ಹೋದ ವರ್ಷವಷ್ಟೇ ಡಾಂಬರು ಹಾಕಿರುತ್ತಾರೆ. ನಾನು ಟೆಲಿಗ್ರಾಫ್ ರಸ್ತೆಯ ಕಾಂಕ್ರೀಟ್ ಹಾಸುಗಳ ಮೇಲೆ ಗಂಟೆಗೆ 45 ಮೈಲಿಯಲ್ಲಿ, ರೇಡಿಯೊ ಆರಿಸಿ, ಗಂಡನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಓಡಿಸಿದೆ. ಅವನ ಕೈಯಲ್ಲಿ ಮುಚ್ಚಳವಿಲ್ಲದ ಕಾಫಿ. ಅಡಾಪ್ಟಿವ್ ಇಲ್ಲದ ಕಾರಿನಲ್ಲಿ ಪ್ಯಾಂಟಿಗೆ ಚೆಲ್ಲಿತು, ಇರುವುದರಲ್ಲಿ ಲೋಟದೊಳಗೇ ಉಳಿಯಿತು. ಪ್ರಯೋಗಾಲಯದಲ್ಲಿ ಇದನ್ನು ಒಪ್ಪುವುದಿಲ್ಲ, ಮನೆಯಲ್ಲಿ ಒಪ್ಪಿದರು.

ಗಾಲಿಯ ವಿಷಯದಲ್ಲಿ ಜನ ಕಣ್ಣಿಗೆ ಮರುಳಾಗುತ್ತಾರೆ, ನಾನೂ ಆಗಿದ್ದೆ. ಈ ಕಾರಿಗೆ ಆಗ 18 ಇಂಚಿನದು ಸಹಜವಾಗಿ ಬರುತ್ತಿತ್ತು: ಮುಂದೆ 225/45, ಹಿಂದೆ 255/40. 19 ಇಂಚಿನದಾದರೆ ಮುಂದೆ 225/40, ಹಿಂದೆ 255/35. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಗುಣಿಸಿ ನೋಡಿ: ಮುಂದಿನ ಗೋಡೆ 18ರಲ್ಲಿ 101 ಮಿಲಿಮೀಟರ್, 19ರಲ್ಲಿ 90. ಹಿಂದೆ 102 ಮತ್ತು 89. ಗುಂಡಿಯ ಅಂಚಿಗೂ ಅಲ್ಯೂಮಿನಿಯಂ ಗಾಲಿಗೂ ನಡುವೆ ಇರುವ ಮೆತ್ತೆ ಅಷ್ಟೇ, ಅದರಲ್ಲಿ ಒಂದು ಬೆರಳಗಲ ಕಳೆದುಕೊಳ್ಳಲು ನೀವು ಹಣ ಕೊಡುತ್ತೀರಿ. ಮಿಷಿಗನ್‌ನಲ್ಲಿ ಚಳಿಗಾಲದ ಕೊನೆಗೆ ನೀರು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ರಸ್ತೆಯನ್ನು ಒಳಗಿನಿಂದ ಸೀಳುತ್ತದೆ, ಮಾರ್ಚಿನಲ್ಲಿ ಬಕೆಟ್ ಗಾತ್ರದ ಗುಂಡಿಗಳು ರಾತ್ರೋರಾತ್ರಿ ಹುಟ್ಟುತ್ತವೆ. 18ನ್ನೇ ಉಳಿಸಿಕೊಂಡೆ. ಇನ್ನೊಂದು ಮಾತು: ಮುಂದೆ ಹಿಂದೆ ಅಗಲ ಬೇರೆಯಾದ್ದರಿಂದ ಟೈರುಗಳನ್ನು ಹಿಂದುಮುಂದು ಅದಲುಬದಲು ಮಾಡಲು ಬರುವುದಿಲ್ಲ. ಹಿಂದಿನ ಜೋಡಿ ಬೇಗ ಸವೆಯುತ್ತದೆ, ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ಡಿಕ್ಕಿಯಲ್ಲಿ ಹೆಚ್ಚುವರಿ ಗಾಲಿ ಇಲ್ಲ. ಅದಕ್ಕೇ ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲ್ಯಾಟ್ ಟೈರು ಹಾಕಿರುತ್ತಾರೆ, ಆ ಟೈರಿನ ಗೋಡೆ ಗಟ್ಟಿ, ಸವಾರಿಯೂ ಗಟ್ಟಿ.

ಬೇಸಿಗೆಯ ಟೈರು ಮತ್ತು ಹೆಚ್ಚಿನ ತಂಪುಗೊಳಿಸುವಿಕೆ ಸೇರಿದ ಪ್ಯಾಕೇಜ್ ಒಂದಿತ್ತು. ಅದನ್ನು ಕೊಂಡರೆ ಗರಿಷ್ಠ ವೇಗದ ಮಿತಿ ಗಂಟೆಗೆ 130ರಿಂದ 155 ಮೈಲಿಗೆ ಏರುತ್ತದೆ. ನಮ್ಮ ಹೆದ್ದಾರಿಯಲ್ಲಿ ಫಲಕ ಹೇಳುವುದು 70. ರೇಸ್‌ಟ್ರ್ಯಾಕಿಗೆ ಹೋಗುವವರು ಖಂಡಿತ ಕೊಳ್ಳಿ. ನನ್ನಂಥವರು ಬೇಡ, ಏಕೆಂದರೆ ಬೇಸಿಗೆಯ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳುತ್ತದೆ.

ಎಕ್ಸ್‌ಡ್ರೈವ್ ಕೊಳ್ಳದೆ ಹಿಂಗಾಲಿ ಚಾಲನೆಯ ಕಾರನ್ನು ತೆಗೆದುಕೊಂಡೆ ಎಂದರೆ ಇಲ್ಲಿನ ಗೆಳತಿಯರು ಇಂದಿಗೂ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನಾಲ್ಕು ಗಾಲಿಯ ಎಳೆತ ಹಿಮದಲ್ಲಿ ಹೊರಡಲು ನೆರವಾಗುತ್ತದೆ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರು. ಉಳಿದ 2,000 ಡಾಲರಿನಲ್ಲಿ ನಾಲ್ಕೂ ಕಡೆ ಒಂದೇ ಅಳತೆಯ ಚಳಿಗಾಲದ ಟೈರುಗಳನ್ನು ಬೇರೆಯೇ ಗಾಲಿಗಳ ಮೇಲೆ ಕೂರಿಸಿಟ್ಟುಕೊಂಡೆ. ಮನೆಯ ಮುಂದೆ ಕಡಿದಾದ ಏರು ಇದ್ದರೆ, ಗಾಲಿ ಬದಲಿಸಲು ಜಾಗವೋ ತಾಳ್ಮೆಯೋ ಇಲ್ಲದಿದ್ದರೆ, ಎಕ್ಸ್‌ಡ್ರೈವ್ ತೆಗೆದುಕೊಳ್ಳಿ. ಅದು ಪಕ್ಕಾ ಅಂಚಿನ ವಸ್ತು, ಆಮೇಲೆ ಬೇಕೆಂದರೆ ಸಿಗುವುದಿಲ್ಲ.

ಚಾಲಕ ಸಹಾಯದ ಪ್ಯಾಕೇಜುಗಳು ಎರಡು ಮೆಟ್ಟಿಲಿನಲ್ಲಿ ಬರುತ್ತವೆ. ಕೆಳಗಿನದು ಕುರುಡುಕೋನದಲ್ಲಿ ಬರುವ ವಾಹನದ ಎಚ್ಚರಿಕೆ ಕೊಡುತ್ತದೆ. ಇದನ್ನು ಯಾರೂ ಬಿಡಬಾರದು. ಮೇಲಿನದು ಮುಂದಿನ ಕಾರನ್ನು ತಾನೇ ಹಿಂಬಾಲಿಸುತ್ತದೆ, ಪಥದ ನಡುವೆ ಇರಿಸುತ್ತದೆ, ಹೆದ್ದಾರಿಯ ದಟ್ಟಣೆಯಲ್ಲಿ 40 ಮೈಲಿ ವೇಗದೊಳಗೆ ಕೈಬಿಟ್ಟರೂ ನಡೆಯುತ್ತದೆ, ಕಣ್ಣು ಮಾತ್ರ ರಸ್ತೆಯ ಮೇಲಿರಬೇಕು. ದಿನಕ್ಕೆ ಮುಕ್ಕಾಲು ಗಂಟೆ ದಟ್ಟಣೆಯಲ್ಲಿ ತೆವಳುವವರಿಗೆ ಅದು ಬೆಲೆಬಾಳುತ್ತದೆ. ನನ್ನ ದಾರಿಯಲ್ಲಿ ತೆವಳುವುದು ವಾರಕ್ಕೊಮ್ಮೆ, ಹಾಗಾಗಿ ಕೆಳಗಿನ ಮೆಟ್ಟಿಲಲ್ಲೇ ನಿಂತೆ. ರಾಡಾರ್, ಕ್ಯಾಮೆರಾ ಎಲ್ಲವೂ ಒಳಗೇ ಹುದುಗಿರುವುದರಿಂದ ಇದನ್ನೂ ಆಮೇಲೆ ಸೇರಿಸುವುದು ಸುಲಭವಲ್ಲ, ಚೆನ್ನಾಗಿ ಯೋಚಿಸಿ.

ಹೆಡ್‌ಅಪ್ ಡಿಸ್‌ಪ್ಲೇ ನನಗೆ ಇಷ್ಟ. ಎರಡು ಎಚ್ಚರಿಕೆ: ಅದರ ಗಾಜು ಬೇರೆ ಬಗೆಯದು, ಕಲ್ಲು ಬಡಿದು ಬಿರಿದರೆ ಬದಲಿಸಲು ಹೆಚ್ಚು ಹಣ ಬೇಕು. ಪೋಲರೈಸ್ಡ್ ತಂಪುಕನ್ನಡಕ ಹಾಕಿಕೊಂಡರೆ ಅಂಕಿಗಳು ಮಸುಕಾಗುತ್ತವೆ. ಅಂಗಡಿಗೆ ನಿಮ್ಮ ಕನ್ನಡಕ ಹಾಕಿಕೊಂಡೇ ಹೋಗಿ. ಹರ್ಮನ್ ಕಾರ್ಡನ್ ಧ್ವನಿವ್ಯವಸ್ಥೆಗೆ 875 ಡಾಲರ್, 16 ಸ್ಪೀಕರುಗಳು. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣವೊಂದನ್ನು ಹಾಕಿ ನಿಂತ ಕಾರಿನಲ್ಲಿ ಕೇಳಿದಾಗ ತಂಬೂರಿಯ ತಂತಿ ತಂತಿಯೂ ಬಿಡಿಬಿಡಿಯಾಗಿ ಕೇಳಿಸಿತು. ಹೆದ್ದಾರಿಯ ಕಾಂಕ್ರೀಟಿನ ಮೇಲೆ ಏರಿದ ಕೂಡಲೇ ತಂಬೂರಿ ಟೈರಿನ ಸದ್ದಿನಲ್ಲಿ ಮುಳುಗಿತು. ಕುಚ್ಚು ಎಂದು ಗುರುತು ಹಾಕಿ ಬಿಟ್ಟೆ. ಬಿಡಬಾರದಿತ್ತು ಎಂದು ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ ರಾಗ ಮುಗಿಯಲೆಂದು ಕುಳಿತ ರಾತ್ರಿಗಳಲ್ಲಿ ಅನ್ನಿಸಿದೆ. ಬಣ್ಣಕ್ಕೆ 550 ಡಾಲರ್ ಕೊಟ್ಟೆವು, ಪೋರ್ಟಿಮಾವೊ ನೀಲಿ. ಬಿಳಿ ಉಚಿತವಿತ್ತು. ಗಂಡ ತಿಂಗಳಿಡೀ ಬಾಯಿ ತೆರೆದದ್ದು ಇದೊಂದಕ್ಕೆ, ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಸಾಫ್ಟ್‌ವೇರಿನಿಂದ ತೆರೆದುಕೊಳ್ಳುವ ಸೌಲಭ್ಯಗಳಿಗೆ ಮುಂಗಡವಾಗಿ ಹಣ ಸುರಿಯಬೇಡಿ. ಈ ಕಂಪನಿ ಫೋನನ್ನು ಕಾರಿನ ಪರದೆಗೆ ತರುವ ಆ್ಯಪಲ್ ಕಾರ್‌ಪ್ಲೇಗೆ ಅಮೆರಿಕದಲ್ಲಿ ವರ್ಷಕ್ಕೆ 80 ಡಾಲರ್ ಕೇಳುತ್ತಿತ್ತು, ನಾವು ಪಟ್ಟಿ ಹಿಡಿದು ಕುಳಿತ ತಿಂಗಳೇ ಅದನ್ನು ಕೈಬಿಟ್ಟಿತು. 2022ರಲ್ಲಿ ದಕ್ಷಿಣ ಕೊರಿಯಾದಲ್ಲಿ ಸೀಟಿನ ಬಿಸಿಗೆ ತಿಂಗಳ ಚಂದಾ ಕೇಳಿ ಗದ್ದಲವಾಯಿತು, ಮರುವರ್ಷ ಅದನ್ನೂ ಬಿಟ್ಟರು.

ಹುಬ್ಬಳ್ಳಿಯಲ್ಲಿರುವ ನನ್ನ ತಮ್ಮ ಇದನ್ನೆಲ್ಲ ಫೋನಿನಲ್ಲಿ ಕೇಳಿ ನಕ್ಕ. ಚೆನ್ನೈ ಕಾರ್ಖಾನೆಯಲ್ಲಿ ಜೋಡಿಸಿದ ಎಂ340ಐ ಎಕ್ಸ್‌ಡ್ರೈವ್ ಭಾರತಕ್ಕೆ ಬಂದದ್ದು 2021ರ ಮಾರ್ಚಿನಲ್ಲಿ, 62.90 ಲಕ್ಷ ರೂಪಾಯಿಯ ಶೋರೂಂ ಬೆಲೆಗೆ, ಬಹುತೇಕ ಎಲ್ಲವನ್ನೂ ಕಂಪನಿಯೇ ಆರಿಸಿಟ್ಟು. ಅಲ್ಲಿ ಗ್ರಾಹಕನ ಪಾಲಿಗೆ ಉಳಿಯುವುದು ಬಣ್ಣ, ಮತ್ತೆ ಅಂಗಡಿಯವರು ಹೊರಗಿನಿಂದ ಸೇರಿಸುವ ಅಲಂಕಾರ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇಕಡಾ 18, ಮೇಲೆ ಸೆಸ್. ಹಾಗಾಗಿ ಅಲಂಕಾರವನ್ನು ಕಾರಿನ ಬಿಲ್ಲಿನೊಳಗೆ ಸೇರಿಸಬೇಡ, ನೋಂದಣಿ ಮುಗಿದ ಮೇಲೆ ಬೇಕಾದರೆ ಹಾಕಿಸಿಕೋ ಎಂದಷ್ಟೇ ಅವನಿಗೆ ಹೇಳಿದೆ.

ಆರ್ಡರ್ ಬರೆಸುವಾಗ ಪ್ಯಾಕೇಜಿನ ಹೆಸರಿಗೆ ತೃಪ್ತರಾಗದೆ ಸಂಕೇತಗಳನ್ನು ಕೇಳಿ. ಹೆಸರುಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಸಂಕೇತ ಬದಲಾಗುವುದು ಕಡಿಮೆ. ಅಡಾಪ್ಟಿವ್ ಸಸ್ಪೆನ್ಷನ್ 2ವಿಎಫ್, ಹೆಡ್‌ಅಪ್ ಡಿಸ್‌ಪ್ಲೇ 610, ಸೀಟಿನ ಬಿಸಿ 494, ಸ್ಟಿಯರಿಂಗ್ ಬಿಸಿ 248, ಹರ್ಮನ್ ಕಾರ್ಡನ್ 688. ಹಳೆಯ ಕಾರು ಕೊಳ್ಳುವವರಿಗೂ ಇವು ಬೇಕು. ಚಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರಗಳಿಂದ ಕಾರ್ಖಾನೆ ಏನೇನು ಹಾಕಿ ಕಳಿಸಿತ್ತು ಎಂಬ ಪಟ್ಟಿ ತೆಗೆಯಬಹುದು, ಜಾಹೀರಾತಿನಲ್ಲಿ 'ಸಕಲ ಸೌಲಭ್ಯ' ಎಂದು ಬರೆದದ್ದರ ಬಣ್ಣ ಅಲ್ಲಿ ಬಯಲಾಗುತ್ತದೆ.

ಬೆಲೆ ಕುದುರಿದ ಮೇಲೆ ಸಾಲದ ಕಾಗದಕ್ಕೆಂದು ಒಂದು ಸಣ್ಣ ಕೋಣೆಗೆ ಕರೆದೊಯ್ಯುತ್ತಾರೆ. ಅಲ್ಲಿ ಎರಡನೇ ಪಟ್ಟಿ ಹೊರಬರುತ್ತದೆ: ಬಣ್ಣಕ್ಕೆ ರಕ್ಷಣಾ ಲೇಪ, ಟೈರಿಗೆ ನೈಟ್ರೋಜನ್, ಗಾಜಿನ ಮೇಲೆ ಕೆತ್ತಿದ ಚಾಸಿ ಸಂಖ್ಯೆ. ಹೊರಗಿನ ಗಾಳಿಯಲ್ಲೇ ನೈಟ್ರೋಜನ್ ಶೇಕಡಾ 78 ಇದೆ ಎಂದು ಹೇಳಿದೆ, ಆ ಹುಡುಗ ಮುಂದಿನ ಪುಟಕ್ಕೆ ತಿರುಗಿಸಿದ.

ಕಾರು ಬಂದ ದಿನ ಹಗಲಿನಲ್ಲಿ ಹೋಗಿ, ಸಂಕೇತಗಳ ಚೀಟಿ ಮತ್ತು ಒಂದು ಟಾರ್ಚ್ ಹಿಡಿದು. ಸೀಟು, ಸ್ಟಿಯರಿಂಗ್ ಬಿಸಿಯಾಗುವವರೆಗೆ ಕಾಯಿರಿ. ಕಂಫರ್ಟ್, ಸ್ಪೋರ್ಟ್ ಎಂದು ಬದಲಿಸಿ ಅಂಗಳದ ಉಬ್ಬಿನ ಮೇಲೆ ಎರಡು ಸಲ ಓಡಿಸಿ. ನಾಲ್ಕೂ ಗಾಲಿಗಳ ಒಳಬದಿಗೆ ಬೆಳಕು ಬಿಡಿ. ನಮ್ಮ ಕಾರಿನ ಹಿಂದಿನ ಬಲಗಾಲಿಯ ಮೇಲೆ ಸಾಗಣೆಯಲ್ಲಿ ಆದ ಬೆರಳುದ್ದದ ಗೀರಿತ್ತು. ಒರೆಸಿದರೆ ಹೋಗುತ್ತದೆ ಎಂದರು. ಒರೆಸಿದರು, ಹೋಗಲಿಲ್ಲ. ಹೊಸ ಗಾಲಿ ಕೊಡುವುದಾಗಿ ಬರೆದು ಸಹಿ ಹಾಕಿಕೊಟ್ಟ ಮೇಲೆ ಕೀಲಿ ತೆಗೆದುಕೊಂಡೆ.