ಟ್ರಿಪ್ಸಿನ್ ಹಾಕಿ ಮೊಬೈಲ್ ನೋಡಬೇಡಿ

ಪ್ರಾಜೆಕ್ಟಿಗೆಂದು ಲ್ಯಾಬಿಗೆ ಬರುವ ಎಂ.ಎಸ್ಸಿ. ಹುಡುಗ ಹುಡುಗಿಯರು ಜೀವಕೋಶಗಳನ್ನು ಕೊಲ್ಲುವುದು ಬಹುತೇಕ ಒಂದೇ ಹಂತದಲ್ಲಿ: ಹೊಸ ಫ್ಲಾಸ್ಕಿಗೆ ಹಾಕಲೆಂದು, ಹಳೆ ಫ್ಲಾಸ್ಕಿನ ತಳಕ್ಕೆ ಅಂಟಿ ಬೆಳೆದ ಕೋಶಗಳನ್ನು ಟ್ರಿಪ್ಸಿನ್ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವ ಹಾಕಿ ಬಿಡಿಸುವಾಗ. ಅದಕ್ಕೇ ಈ ಬರಹ.

ಕಲಿಯಲು ಹೀಲಾ ಕೋಶಗಳೇ ಸರಿ. 1951ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ, ಅವರನ್ನು ಕೇಳದೆಯೇ ತೆಗೆದ ಕೋಶಗಳು ಇವು. ಇವತ್ತಿಗೂ ದಿನಕ್ಕೆ ಹೆಚ್ಚುಕಮ್ಮಿ ಒಂದು ಸಲ ಇಮ್ಮಡಿಯಾಗುತ್ತವೆ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಿಂದ ತರಿಸಬಹುದು.

1. ಹುಡ್ (ಸೋಸಿದ ಗಾಳಿ ಬೀಸುವ, ಕೆಲಸ ಮಾಡುವ ಪೆಟ್ಟಿಗೆ) ಚಾಲೂ ಮಾಡಿ ಹದಿನೈದು ನಿಮಿಷ ಬಿಡಿ. 70% ಆಲ್ಕೋಹಾಲಿನಿಂದ ಒರೆಸಿ. ನೀರು ಬೆರೆಸದ ಆಲ್ಕೋಹಾಲು ಇನ್ನೂ ಜೋರು ಅಂದುಕೊಳ್ಳಬೇಡಿ, ನೀರಿದ್ದರೇ ಅದು ಸೂಕ್ಷ್ಮಜೀವಿಗಳನ್ನು ಚೆನ್ನಾಗಿ ಕೊಲ್ಲುವುದು. ವಾಟರ್ ಬಾತಿನಿಂದ ತೆಗೆದ ಮೀಡಿಯಾ (ಕೋಶಗಳಿಗೆ ಆಹಾರವಾಗುವ ದ್ರವ) ಬಾಟಲಿಯನ್ನು ಎರಡು ಸಲ ಒರೆಸಿ; ಲ್ಯಾಬಿನಲ್ಲಿ ಅದಕ್ಕಿಂತ ಕೊಳಕು ನೀರಿಲ್ಲ.

2. ಮೈಕ್ರೋಸ್ಕೋಪಿನಲ್ಲಿ ನೋಡಿ. ಫ್ಲಾಸ್ಕಿನ ತಳ ಕೋಶಗಳಿಂದ ಮುಕ್ಕಾಲು ತುಂಬಿದ್ದರೆ ಮುಂದುವರಿಯಿರಿ. ಮೀಡಿಯಾ ಹಳದಿಗೆ ತಿರುಗಿದ್ದರೆ ಆಮ್ಲ ಹೆಚ್ಚಾಗಿದೆ, ನೀವು ತಡಮಾಡಿದ್ದೀರಿ. ಕದಡಿದಂತಿದ್ದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ಉಳಿಸಲು ಹೋಗದೆ ಬ್ಲೀಚ್ ಸುರಿದು ಎಸೆಯಿರಿ.

3. ಹಳೆ ಮೀಡಿಯಾ ತೆಗೆದು, ಕ್ಯಾಲ್ಸಿಯಂ ಮೆಗ್ನೀಸಿಯಂ ಇಲ್ಲದ ಪಿಬಿಎಸ್ ಎಂಬ ಉಪ್ಪುನೀರಿನ ದ್ರಾವಣದಿಂದ ಎರಡು ಸಲ ತೊಳೆಯಿರಿ. ಇದನ್ನು ಹಾರಿಸುವವರೇ ಹೆಚ್ಚು. ಹಳೆ ಮೀಡಿಯಾದಿಂದ ಉಳಿದ ಸೀರಂ (ರಕ್ತದ ತಿಳಿದ್ರವ) ಟ್ರಿಪ್ಸಿನ್‌ನ ಕೈಕಟ್ಟಿಹಾಕುತ್ತದೆ. ಆಮೇಲೆ ‘ಕೋಶ ಏಳುತ್ತಿಲ್ಲ ಸಾರ್’ ಎಂದು ಇನ್ನಷ್ಟು ಟ್ರಿಪ್ಸಿನ್ ಸುರಿಯುತ್ತಾರೆ.

4. ಟಿ-25 ಫ್ಲಾಸ್ಕಿಗೆ (ತಳ 25 ಚದರ ಸೆಂ.ಮೀ.) 1 ಮಿ.ಲೀ. ಸಾಕು, 0.25% ಟ್ರಿಪ್ಸಿನ್-ಇಡಿಟಿಎ (ಇಡಿಟಿಎ ಎಂದರೆ ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ). ತಳವೆಲ್ಲ ಒದ್ದೆಯಾಗುವಂತೆ ಆಡಿಸಿ, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಡಿ. ಪ್ರೋಟೊಕಾಲ್ ಹಾಳೆಯಲ್ಲಿ ಐದು ನಿಮಿಷ ಅಂತಿರುತ್ತದೆ. ಹಾಳೆ ನಂಬಬೇಡಿ, ಎರಡು ನಿಮಿಷಕ್ಕೇ ತೆಗೆದು ನೋಡಿ. ಒಲೆಯ ಮೇಲೆ ಹಾಲಿಟ್ಟವರ ಹಾಗೆ ಪಕ್ಕದಲ್ಲೇ ನಿಂತಿರಬೇಕು. ಮೊದಲು ಕೋಶಗಳ ಅಂಚು ಹೊಳೆಯುತ್ತದೆ, ಚಾಚಿದ ಕಾಲು ಒಳಗೆಳೆದುಕೊಂಡು ರಾಗಿಕಾಳಿನಂತೆ ಗುಂಡಗಾಗುತ್ತವೆ. ಫ್ಲಾಸ್ಕ್ ಓರೆ ಮಾಡಿದಾಗ ಮಸುಕು ಪದರ ಕೆನೆಯಂತೆ ಜಾರಿದರೆ ಹದ ಬಂತು. ಜಾರದಿದ್ದರೆ ಇನ್ನೊಂದು ನಿಮಿಷ. ಫ್ಲಾಸ್ಕನ್ನು ಬೆಂಚಿಗೆ ಕುಟ್ಟಬೇಡಿ. ಬೇಯದ ದೋಸೆ ಎಬ್ಬಿಸಿದ ಹಾಗೆ, ಕೋಶಗಳು ಚಿಂದಿಚಿಂದಿಯಾಗಿ, ಗುಂಪುಗುಂಪಾಗಿ ಏಳುತ್ತವೆ. ಇತ್ತ ಹೊತ್ತು ಮೀರಿದರೆ ಕೋಶ ಒಡೆದು ಒಳಗಿನ ಡಿಎನ್ಎ ಹೊರಬಂದು, ಪಿಪೆಟ್ಟಿನ ತುದಿಯಲ್ಲಿ ಲೋಳೆ ಎಳೆಎಳೆಯಾಗಿ ಜೋತಾಡುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಹದ ಬಂದ ತಕ್ಷಣ 10% ಸೀರಂ ಇರುವ ಮೀಡಿಯಾ 4 ಮಿ.ಲೀ. ಹಾಕಿ. ಗುಳ್ಳೆ ಏಳದಂತೆ ಏಳೆಂಟು ಸಲ ಮೇಲೆಕೆಳಗೆ ಎಳೆದು ಬಿಡಿಬಿಡಿ ಮಾಡಿ.

5. ಸೆಂಟ್ರಿಫ್ಯೂಜಿನಲ್ಲಿ 200 ಜಿಯಲ್ಲಿ (ಗುರುತ್ವದ 200 ಪಟ್ಟು ಬಲ) ಐದು ನಿಮಿಷ ತಿರುಗಿಸಿ, ತಳಕ್ಕಿಳಿದ ಕೋಶಗಳನ್ನು ಹೊಸ ಮೀಡಿಯಾದಲ್ಲಿ ಕಲಸಿ, ನಾಲ್ಕರಲ್ಲಿ ಒಂದು ಪಾಲು ಹೊಸ ಫ್ಲಾಸ್ಕಿಗೆ. ತಾರೀಕು, ಪ್ಯಾಸೇಜ್ ಸಂಖ್ಯೆ (ಎಷ್ಟನೇ ಸಲ ಫ್ಲಾಸ್ಕ್ ಬದಲಿಸಿದ್ದು) ಬರೆದು 5% ಇಂಗಾಲದ ಡೈಆಕ್ಸೈಡಿನ ಇನ್‌ಕ್ಯುಬೇಟರಿಗೆ.

ಫ್ಲಾಸ್ಕ್ ಕೊಳ್ಳುವಾಗ ‘ಟಿಶ್ಯೂ ಕಲ್ಚರ್ ಟ್ರೀಟೆಡ್’ ಎಂದಿದೆಯೇ ನೋಡಿ. ಅಗ್ಗಕ್ಕೆ ಸಿಕ್ಕಿತೆಂದು ಒಮ್ಮೆ ಸಂಸ್ಕರಿಸದ ಪ್ಲಾಸ್ಟಿಕ್ ಒಂದು ಪೆಟ್ಟಿಗೆ ತಂದು, ಕೋಶ ಅಂಟದೆ ವಾರವಿಡೀ ಸೀರಂ ಅನ್ನು ಬೈದಿದ್ದೇನೆ.

ಆ್ಯಂಟಿಬಯೋಟಿಕ್? ನಾನು ಹಾಕುವುದಿಲ್ಲ, ಹಾಕಲು ಬಿಡುವುದೂ ಇಲ್ಲ. ಅದು ಕೈಯ ಕೊಳಕನ್ನು ಮುಚ್ಚಿಡುತ್ತದೆ. ಕೋಶಭಿತ್ತಿಯೇ ಇಲ್ಲದ ಮೈಕೋಪ್ಲಾಸ್ಮಾ ಎಂಬ ಪುಟ್ಟ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ನಾಟುವುದೂ ಇಲ್ಲ. ಅದು ಮೀಡಿಯಾ ಕದಡದೆ ತಿಂಗಳುಗಟ್ಟಲೆ ಕೂತಿರುತ್ತದೆ. ತಿಂಗಳಿಗೊಮ್ಮೆ, ಅದರ ಡಿಎನ್ಎ ಪತ್ತೆಹಚ್ಚುವ ಪಿಸಿಆರ್ ಪರೀಕ್ಷೆ ಮಾಡಿಸಿ.

ನಾಲ್ಕರಲ್ಲಿ ಒಂದು ಪಾಲು ಹಾಕಿದ್ದು ಎರಡು ದಿನಕ್ಕೇ ತುಂಬುತ್ತದೆ. ಹಬ್ಬಕ್ಕೆ ಮೂರು ದಿನ ಊರಿಗೆ ಹೊರಟಿದ್ದರೆ ಹತ್ತರಲ್ಲಿ ಒಂದು ಪಾಲು ಹಾಕಿ ಹೋಗಿ.