ಬೆನ್ನು ಕತ್ತರಿಸದೆ ಹಳೆಯ ಗೇಮಿಂಗ್ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿದ ನನ್ನ ಅನುಭವ

ಅಂಟಿನ ಬೆನ್ನಿನ ಗೇಮಿಂಗ್ ಪತ್ರಿಕೆಯನ್ನು ಕತ್ತರಿಸದೆ ಬಿಡಿಸಿ, ಒಳ ಅಂಚಿನ ಒಂದಕ್ಷರವೂ ಹೋಗದ ಹಾಗೆ ಸ್ಕ್ಯಾನ್ ಮಾಡಿ, ಮತ್ತೆ ಕಟ್ಟಿ ಕಪಾಟಿನಲ್ಲಿ ನಿಲ್ಲಿಸಬಹುದು ಎಂದು ನಾನು ಹೇಳಿದಾಗ ನಮ್ಮ ಸಂಗ್ರಾಹಕರ ಬಳಗದಲ್ಲಿ ನಂಬಿದವರು ಯಾರೂ ಇರಲಿಲ್ಲ. ಶಾಖ ಕೊಟ್ಟರೆ ಆರ್ಟ್ ಪೇಪರ್ ಸುರುಟಿಕೊಳ್ಳುತ್ತದೆ, ಮುಖಪುಟದ ಲ್ಯಾಮಿನೇಶನ್ ಗುಳ್ಳೆ ಏಳುತ್ತದೆ, ಕೊನೆಗೆ ಪತ್ರಿಕೆಯೂ ಉಳಿಯುವುದಿಲ್ಲ, ಸ್ಕ್ಯಾನೂ ಸಿಗುವುದಿಲ್ಲ ಎನ್ನುವುದು ಎಲ್ಲರ ಮಾತಾಗಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಒಳಗಿನ ಓಣಿಯೊಂದರಲ್ಲಿ ಬೈಂಡಿಂಗ್ ಅಂಗಡಿ ಇಟ್ಟಿರುವ ಹಿರಿಯರೊಬ್ಬರು, "ಕಟಿಂಗ್ ಮೆಷಿನ್‌ಗೆ ಕೊಟ್ಬಿಡಿ ಸಾರ್, ಈ ಅಂಟು ಒಂದ್ಸಲ ಕೂತ್ರೆ ಬಿಡೋ ಜಾತಿ ಅಲ್ಲ" ಎಂದಿದ್ದರು. ಹೀಗೆ ಬಿಡಿಸಿ, ಸ್ಕ್ಯಾನ್ ಮಾಡಿ, ಮರಳಿ ಕಟ್ಟಿದ ಸಂಚಿಕೆಗಳು ಈಗ ನನ್ನ ಬಳಿ 300ರ ಆಸುಪಾಸಿನಲ್ಲಿವೆ. ಆ ಹಿರಿಯರೇ ತಮ್ಮಲ್ಲಿಗೆ ರಿಪೇರಿಗೆ ಬರುವ ಅಂಟಿನ ಪುಸ್ತಕಗಳನ್ನು ಬಿಡಿಸಲು ಆಗಾಗ ನನಗೆ ಫೋನು ಮಾಡುತ್ತಾರೆ.

ಇಷ್ಟು ಹಟ ಏಕೆ ಎಂದರೆ, ಈ ಪತ್ರಿಕೆಗಳು ಇನ್ನೊಮ್ಮೆ ಅಚ್ಚಾಗುವುದಿಲ್ಲ. ಬ್ರಿಟನ್ನಿನ ಪಿಸಿ ಝೋನ್ 2010ರಲ್ಲಿ ನಿಂತಿತು. ಅಮೆರಿಕದ ಗೇಮ್‌ಪ್ರೋ 2011ರಲ್ಲಿ, 1988ರಿಂದ ಬರುತ್ತಿದ್ದ ನಿಂಟೆಂಡೊ ಪವರ್ 2012ರಲ್ಲಿ ಮುಗಿದವು. ಎಲ್ಲವೂ ಜಾಲತಾಣಕ್ಕೆ ಹೋಗಿದೆಯಲ್ಲ, ಕಾಗದ ಏಕೆ ಎಂದು ಕೇಳುವವರಿಗೆ ನಾನು ಗೇಮ್ ಇನ್‌ಫಾರ್ಮರ್‌ನ ಕತೆ ಹೇಳುತ್ತೇನೆ. 1991ರಲ್ಲಿ ಆರಂಭವಾದ ಆ ಪತ್ರಿಕೆ ಅಂಗಡಿ ಸರಪಣಿಯ ಸದಸ್ಯತ್ವದ ಜೊತೆಗೇ ಮನೆಮನೆಗೆ ಹೋಗುತ್ತಿದ್ದುದರಿಂದ, ಒಂದು ಕಾಲಕ್ಕೆ ಅದರ ಪ್ರಸಾರ 80 ಲಕ್ಷದ ಸುಮಾರಿಗೆ ಮುಟ್ಟಿತ್ತು. 2024ರ ಆಗಸ್ಟ್‌ನಲ್ಲಿ ಅದನ್ನು ಮುಚ್ಚಿದ ದಿನವೇ ಜಾಲತಾಣದ ಲೇಖನಗಳೆಲ್ಲ ಹೋಗಿ, ಅಲ್ಲಿ ಒಂದು ವಿದಾಯದ ಸಂದೇಶ ಮಾತ್ರ ಉಳಿಯಿತು. ಮರುವರ್ಷ ಹೊಸ ಒಡೆಯರು ಬಂದು ಪತ್ರಿಕೆಯನ್ನು ಮತ್ತೆ ಆರಂಭಿಸಿದರು ಎನ್ನುವುದು ನಿಜ. ಆದರೆ ನಡುವಿನ ಆ ತಿಂಗಳುಗಳಲ್ಲಿ ಹಳೆಯ ವಿಮರ್ಶೆಯೊಂದನ್ನು ಓದಬೇಕಾದವನಿಗೆ ನೆರವಾದದ್ದು ಯಾರದೋ ಕಪಾಟಿನ ಕಾಗದ ಮತ್ತು ಯಾರೋ ಉಳಿಸಿಟ್ಟ ಪ್ರತಿಗಳು.

ಈ ಕೆಲಸ ಮಾಡುವವರಿಗೆ ಪತ್ರಿಕೆಗಳ ಇಳಿಗಾಲ ಬೆನ್ನಿನ ದಪ್ಪದಲ್ಲಿಯೇ ಕಾಣುತ್ತದೆ. ಕಂಪ್ಯೂಟರ್ ಗೇಮಿಂಗ್ ವರ್ಲ್ಡ್‌ನ 1990ರ ದಶಕದ ಕೊನೆಯ ವರ್ಷಾಂತ್ಯದ ಸಂಚಿಕೆಗಳಲ್ಲಿ 400 ಪುಟ ದಾಟಿದವೂ ಇವೆ, ಅವುಗಳಲ್ಲಿ ಬಹುಪಾಲು ಜಾಹೀರಾತು. ಅದೇ ಪತ್ರಿಕೆ 2006ರಲ್ಲಿ ಹೆಸರು ಬದಲಿಸಿಕೊಂಡು 2008ರಲ್ಲಿ ನಿಲ್ಲುವ ಹೊತ್ತಿಗೆ ಅದರ ಬೆನ್ನಿನ ಅಂಟೂ ಅದನ್ನು ಬಿಡಿಸಲು ಬೇಕಾದ ಶಾಖವೂ ಹಳೆಯದರ ಒಂದು ಸಣ್ಣ ಪಾಲಷ್ಟೇ ಆಗಿದ್ದವು. ಅಚ್ಚಿಗೆ ಹೋಗಿ ಓದುಗರ ಕೈ ಸೇರಲು ವಾರಗಳೇ ಹಿಡಿಯುವ ಸುದ್ದಿ ಜಾಲದಲ್ಲಿ ಅದೇ ದಿನ ಸಿಗತೊಡಗಿದ ಮೇಲೆ ಮೊದಲು ಓದುಗರು, ಅವರ ಹಿಂದೆಯೇ ಜಾಹೀರಾತುದಾರರು ಹೊರಟುಹೋದರು. ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿತು. ಫೋನ್ ತಂತಿಯ ನಿಧಾನಗತಿಯ ಡಯಲ್-ಅಪ್ ಇಂಟರ್ನೆಟ್ ಕಾಲದಲ್ಲಿ ತಂತ್ರಜ್ಞಾನ ಪತ್ರಿಕೆ ಡಿಜಿಟ್‌ನಂಥ ಪತ್ರಿಕೆಯನ್ನು ಅನೇಕರು ಕೊಳ್ಳುತ್ತಿದ್ದದ್ದೇ ಜೊತೆಗೆ ಬರುವ ಸೀಡಿಗಾಗಿ, ಅದರಲ್ಲಿರುವ ಗೇಮ್ ಡೆಮೊ ಮತ್ತು ದೋಷ ಸರಿಪಡಿಸುವ ಪ್ಯಾಚ್‌ಗಳಿಗಾಗಿ. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಆ ತಟ್ಟೆಗೆ ಬೆಲೆ ಉಳಿಯಲಿಲ್ಲ.

ಮೊದಲು ಸೋತ ವಿಧಾನಗಳ ಬಗ್ಗೆ ಹೇಳಬೇಕು, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಎಲ್ಲರೂ ಮಾಡುವ ಹಾಗೆ ಕಟಿಂಗ್ ಮೆಷಿನ್‌ನಲ್ಲಿ ಬೆನ್ನು ಕತ್ತರಿಸಿದಾಗ ಎಷ್ಟು ಎಚ್ಚರ ವಹಿಸಿದರೂ ಮೂರು ನಾಲ್ಕು ಮಿಲಿಮೀಟರ್ ಹೋಗುತ್ತಿತ್ತು. ಎರಡು ಪುಟ ಸೇರಿಸಿ ಹರಡಿದ ಚಿತ್ರಗಳೇ ಹೆಚ್ಚಾಗಿರುವ ಗೇಮಿಂಗ್ ಪತ್ರಿಕೆಯಲ್ಲಿ ಅಷ್ಟು ಹೋದರೆ ಗೇಮಿನ ನಕ್ಷೆಯ ನಡುಭಾಗವೇ ಮಾಯವಾಗುತ್ತದೆ. ಕತ್ತರಿಸದೆ ಫ್ಲಾಟ್‌ಬೆಡ್, ಅಂದರೆ ಚಪ್ಪಟೆ ಗಾಜಿನ ಸ್ಕ್ಯಾನರ್ ಮೇಲೆ ಒತ್ತಿ ಹಿಡಿದರೆ ಬೆನ್ನಿನ ಬಳಿ ನೆರಳು ಬೀಳುತ್ತದೆ, ಅಕ್ಷರ ಬಾಗುತ್ತದೆ, ಬೆನ್ನು ಬಿರುಕು ಬಿಟ್ಟು ಹಾಳೆಗಳು ತಾವಾಗಿಯೇ ಉದುರುತ್ತವೆ. ಕ್ಯಾಮೆರಾ ಸ್ಟ್ಯಾಂಡ್ ಕಟ್ಟಿಸಿ, ಎರಡು ಬದಿಗೆ ದೀಪ ಹಾಕಿ ಫೋಟೊ ತೆಗೆಯುವ ವ್ಯವಸ್ಥೆಗೆ ಹತ್ತು ಹನ್ನೆರಡು ಸಾವಿರ ರೂಪಾಯಿ ಸುರಿದೆ. ಆರ್ಟ್ ಪೇಪರ್‌ನ ಹೊಳಪು ಪ್ರತಿ ಪುಟದಲ್ಲಿಯೂ ಬೆಳ್ಳನೆಯ ಮಚ್ಚೆಯಾಗಿ ಕೂತು ಆ ಹಣವೆಲ್ಲ ವ್ಯರ್ಥವಾಯಿತು.

ಕೈ ಹಿಡಿದದ್ದು ಇಸ್ತ್ರಿ ಪೆಟ್ಟಿಗೆ. ಈ ಪತ್ರಿಕೆಗಳ ಬೆನ್ನಿಗೆ ಬಳಸುವ, ಬಿಸಿಗೆ ಕರಗುವ ಸಾಮಾನ್ಯ ಹಾಟ್ ಮೆಲ್ಟ್ ಅಂಟು 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಆ ಮಟ್ಟದ ಶಾಖಕ್ಕೆ ಕಾಗದಕ್ಕೆ ಏನೂ ಆಗುವುದಿಲ್ಲ. ನೈಲಾನ್ ಬಟ್ಟೆಗೆ ಇಡುವ ಶಾಖಕ್ಕೆ ತಿರುಗಿಸಿ, ಬೆನ್ನಿನ ಮೇಲೆ ಹಳೆಯ ಹತ್ತಿ ಪಂಚೆಯ ತುಂಡನ್ನು ಮಡಿಸಿ ಹಾಕಿ, ಒಂದೊಂದು ನಿಮಿಷ ಬಿಟ್ಟು ಬಿಟ್ಟು ಒತ್ತಬೇಕು. ಮೊದಲು ಮುಖಪುಟವನ್ನು ಪೂರ್ತಿಯಾಗಿ ಬಿಡಿಸಿ ಬದಿಗಿಡಬೇಕು, ಏಕೆಂದರೆ ಗುಳ್ಳೆ ಏಳುವುದು ಅಲ್ಲಿ ಮಾತ್ರ. ಆಮೇಲೆ ಅಂಟು ಬಿಸಿಯಿರುವಾಗಲೇ ಎಂಟು ಹತ್ತು ಹಾಳೆಗಳ ಕಂತೆಯಾಗಿ ಎಳೆಯಬೇಕು, ಒಂಟಿ ಹಾಳೆಯನ್ನು ಎಳೆದರೆ ಅಂಚು ಹರಿಯುತ್ತದೆ. ಹೀಟ್ ಗನ್ ಬಳಸುವವರಿದ್ದಾರೆ. ಅದರ ಗಾಳಿಗೆ ಅಂಚಿನ ಹಾಳೆಗಳು ಮೊದಲು ಒಣಗಿ ಅಲೆಯಲೆಯಾಗುವುದರಿಂದ ನಾನು ಅದನ್ನು ಬಿಟ್ಟೆ. ಕಂತೆಯನ್ನು ಎಳೆಯುವ ಕೋನ ಮತ್ತು ಎಳೆಯುವ ಮುನ್ನ ಬೆನ್ನಿಗೆ ಸವರುವ ಒಂದು ಪದಾರ್ಥ, ಈ ಎರಡೂ ನನ್ನ ಸ್ವಂತ ಕಂಡುಹಿಡಿತಗಳು, ಅವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿದ್ದೇನೆ. ಅವಿಲ್ಲದೆಯೂ ಕೆಲಸ ನಡೆಯುತ್ತದೆ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ.

ಎಲ್ಲ ಬೆನ್ನೂ ಒಂದೇ ಅಲ್ಲ. ಪಿಯುಆರ್ ಎಂಬ ಪಾಲಿಯುರೆಥೇನ್ ಅಂಟು ಹಾಕಿದ್ದರೆ ಎಷ್ಟು ಕಾಯಿಸಿದರೂ ಅದು ಕರಗುವುದಿಲ್ಲ, ಅಂಥವನ್ನು ಮುಟ್ಟದೆ ಬಿಡುವುದೇ ಲೇಸು. ಮೂಲೆಯಲ್ಲಿ ಸೂಜಿ ಕಾಯಿಸಿ ಚುಚ್ಚಿ ನೋಡಿದರೆ ಮೊದಲೇ ತಿಳಿಯುತ್ತದೆ. ಮಳೆನೀರು ಬಿದ್ದು ಒಣಗಿದ ಪತ್ರಿಕೆಗಳ ಗತಿ ಇನ್ನೂ ಕಷ್ಟ. ಆರ್ಟ್ ಪೇಪರ್‌ನ ಮೇಲಿನ ಜೇಡಿಯ ಲೇಪ ನೆನೆದು ಒಣಗಿದಾಗ ಹಾಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಬಿಡಿಸಹೋದರೆ ಮುದ್ರಣವೇ ಕಿತ್ತು ಬರುತ್ತದೆ. ನೆನೆದ ಪತ್ರಿಕೆ ಕೈಗೆ ಬಂದರೆ ಅದು ಒಣಗುವ ಮುನ್ನವೇ ಹಾಳೆಗಳ ನಡುವೆ ಬಟರ್ ಪೇಪರ್ ಸೇರಿಸುತ್ತೇನೆ. ಒಣಗಿ ಗಟ್ಟಿಯಾದದ್ದನ್ನು ರದ್ದಿಯವರು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳುವುದಿಲ್ಲ.

ಸ್ಕ್ಯಾನಿಂಗ್‌ನಲ್ಲಿ ಹೊಸದೇನನ್ನೂ ನಾನು ಮಾಡುತ್ತಿಲ್ಲ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ ತೆಗೆದರೆ ಅಚ್ಚಿನ ಚುಕ್ಕಿಗಳು ಸೇರಿ ಜಾಲರಿ ಕಾಣಿಸುವುದರಿಂದ 600ರಲ್ಲಿ ತೆಗೆದು, ಡಿಸ್ಕ್ರೀನ್ ಮಾಡಿ, ಅಂದರೆ ಆ ಜಾಲರಿಯನ್ನು ತಂತ್ರಾಂಶದಲ್ಲಿ ಅಳಿಸಿ, ಆಮೇಲೆ ಚಿತ್ರದ ಗಾತ್ರ ಇಳಿಸುತ್ತೇನೆ. ತೆಳು ಹಾಳೆಯ ಹಿಂಬದಿಯ ಚಿತ್ರ ಈಚೆಗೆ ಹಾಯದಂತೆ ಹಿಂದೆ ಕಪ್ಪು ಹಾಳೆ ಕೊಡುವುದನ್ನು ಯಾರೂ ಮರೆಯಬಾರದು. ಹಾಳೆಗಳನ್ನು ತಾನೇ ಒಂದೊಂದಾಗಿ ಎಳೆದುಕೊಳ್ಳುವ ಫೀಡರ್ ಸ್ಕ್ಯಾನರ್ ಬಳಸುವವರಿಗೆ ನಿಜವಾದ ಶತ್ರು ಅಂಟಿನ ಚೂರು. ಸಾಸಿವೆಯಷ್ಟು ಚೂರು ಗಾಜಿಗೆ ಅಂಟಿದರೂ ಅಲ್ಲಿಂದ ಮುಂದಿನ ಎಲ್ಲ ಪುಟಗಳ ಮೇಲೂ ಉದ್ದಕ್ಕೆ ಒಂದು ಗೆರೆ ಬೀಳುತ್ತದೆ. ಆದ್ದರಿಂದ ಪ್ರತಿ ಕಂತೆಯ ಅಂಚನ್ನೂ ಹೆಬ್ಬೆರಳಿನಿಂದ ಉಜ್ಜಿ, ಮೆತ್ತನೆಯ ಬ್ರಷ್‌ನಿಂದ ಒರೆಸಿ, ಆಮೇಲೆ ಫೀಡರ್‌ಗೆ ಹಾಕುತ್ತೇನೆ. ಮುಖಪುಟ ಮತ್ತು ಮಡಿಸಿದ ಪೋಸ್ಟರ್‌ಗಳಿಗೆ ಮಾತ್ರ ಫ್ಲಾಟ್‌ಬೆಡ್ ಬಳಸುತ್ತೇನೆ.

ಮರಳಿ ಕಟ್ಟುವಾಗ ಅಂಚನ್ನು ಉಪ್ಪು ಕಾಗದದಿಂದ ಸ್ವಲ್ಪ ಒರಟು ಮಾಡಿ, ಹಾಳೆಗಳನ್ನು ಒಂದು ಬದಿಗೆ ಬಾಗಿಸಿ ಬಿಳಿ ಅಂಟು ಸವರಿ, ಮತ್ತೊಂದು ಬದಿಗೆ ಬಾಗಿಸಿ ಮತ್ತೆ ಸವರಿ, ರಾತ್ರಿಯಿಡೀ ಹಲಗೆಗಳ ನಡುವೆ ಒತ್ತಿಡುತ್ತೇನೆ. ಹೀಗೆ ಕಟ್ಟಿದ ಬೆನ್ನು ಕಾರ್ಖಾನೆಯ ಬೆನ್ನಿಗಿಂತ ಚೆನ್ನಾಗಿ ತೆರೆದುಕೊಳ್ಳುತ್ತದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಅನುಮಾನ ಪಟ್ಟವರಿಗೆ ಎರಡನ್ನೂ ಕೈಗೆ ಕೊಟ್ಟು ತೋರಿಸಿದ್ದೇನೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಫೀಡರ್ ಸ್ಕ್ಯಾನರ್‌ಗೆ 20 ಸಾವಿರದ ಹತ್ತಿರ ಕೊಟ್ಟೆ, ಅದರ ರೋಲರ್ ಬದಲಿಸಲು ಮತ್ತೆ ಎರಡು ಮೂರು ಸಾವಿರ ಹಿಡಿಯಿತು. ಪತ್ರಿಕೆಗಳಿಗೆ ಹೋದದ್ದು ಅದಕ್ಕಿಂತ ಕಡಿಮೆ. ಹೊಸದಾಗಿ ಬಂದಾಗ ಐದುನೂರು ರೂಪಾಯಿ ದಾಟುತ್ತಿದ್ದ ಬ್ರಿಟಿಷ್ ಸಂಚಿಕೆಗಳು ಮಾರಾಟವಾಗದೆ ಉಳಿದು ಫುಟ್‌ಪಾತ್‌ಗೆ ಬಂದಾಗ 30, 40 ರೂಪಾಯಿಗೆ ಸಿಗುತ್ತಿದ್ದವು. ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದಂಗಡಿಗಳಲ್ಲಿ ಇದೀಗ ಅವುಗಳ ಬೆಲೆ ಏರಿದೆ. ಎಲ್ಲಕ್ಕಿಂತ ಹೆಚ್ಚು ಹಣ ನುಂಗಿದ್ದು ಹಾರ್ಡ್ ಡಿಸ್ಕ್. 600 ಡಿಪಿಐನ ಒಂದು ಎ4 ಬಣ್ಣದ ಪುಟ ಕುಗ್ಗಿಸದೆ ಇಟ್ಟರೆ 100 ಎಂಬಿ ದಾಟುತ್ತದೆ, ಅಂದರೆ 150 ಪುಟದ ಸಂಚಿಕೆಗೆ 15 ಜಿಬಿ. ಎರಡು ಪ್ರತಿ ಇಡಬೇಕು ಎನ್ನುವವರು ಬೇರೆಲ್ಲ ಖರ್ಚಿಗಿಂತ ಮೊದಲು ಈ ಲೆಕ್ಕ ಹಾಕಿಕೊಳ್ಳಬೇಕು.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದೆ. ಪತ್ರಿಕೆಯನ್ನು ಫ್ರೀಜರ್‌ನಲ್ಲಿಟ್ಟರೆ ಅಂಟು ಗಾಜಿನಂತೆ ಪುಡಿಯಾಗುತ್ತದೆ ಎಂದು ಓದಿ ಪ್ರಯತ್ನಿಸಿದಾಗ ಅಂಟೇನೋ ಬಿರುಸಾಯಿತು. ಆದರೆ ಜುಲೈ ತಿಂಗಳ ತೇವದ ಗಾಳಿಗೆ ಹೊರತೆಗೆದ ಕೂಡಲೇ ಪುಟಗಳ ಮೇಲೆ ನೀರು ಕಟ್ಟಿತು. ಬೇಸಿಗೆಯಲ್ಲಿ ಇದು ನಡೆಯಬಹುದು, ಮಳೆಗಾಲದಲ್ಲಿ ಬೇಡ. ಓಸಿಆರ್, ಅಂದರೆ ಚಿತ್ರದೊಳಗಿನ ಅಕ್ಷರವನ್ನು ಕಂಪ್ಯೂಟರ್ ಓದುವ ವಿಷಯದಲ್ಲಿ ಮಾತ್ರ ಒಳ್ಳೆಯ ಫಲ ಸಿಕ್ಕಿತು. 1990ರ ದಶಕದ ವಿನ್ಯಾಸಗಾರರು ಕೆಂಪು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಹಾಕುವುದನ್ನು ಬಹಳ ಇಷ್ಟಪಡುತ್ತಿದ್ದರು, ಟೆಸೆರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಅಲ್ಲಿ ಪೂರ್ತಿ ಎಡವುತ್ತಿತ್ತು. ಚಿತ್ರದ ಕೆಂಪು ಚಾನೆಲ್ ಒಂದನ್ನೇ ತೆಗೆದು ಕೊಟ್ಟಾಗ ಹಿನ್ನೆಲೆ ಬಿಳಿಯಾಗಿ ಅಕ್ಷರಗಳು ಸ್ಪಷ್ಟವಾಗಿ ನಿಂತವು. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2025ರ ಜನವರಿಯಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯದಲ್ಲಿ 1,500ಕ್ಕೂ ಹೆಚ್ಚು ಹಳೆಯ ಸಂಚಿಕೆಗಳ ಒಳಗೆ ಪದ ಹಾಕಿ ಹುಡುಕಬಹುದು. ನನ್ನ ಸಂಗ್ರಹವೂ ಹಾಗೆಯೇ ಹುಡುಕಲು ಸಿಗಬೇಕೆಂಬುದು ನನ್ನ ಆಸೆ.

ಪತ್ರಿಕೆಗಳ ಜೊತೆ ಬಂದ ಸೀಡಿ ತಟ್ಟೆಗಳ ಬಗ್ಗೆ ಒಂದು ಮಾತು. ಓದಲು ನಿರಾಕರಿಸುವ ಸೀಡಿಯನ್ನು ಒಂದೇ ಡ್ರೈವ್‌ನಲ್ಲಿ ಮತ್ತೆ ಮತ್ತೆ ಹಾಕುವುದಕ್ಕಿಂತ, ಕೆಟ್ಟ ತಟ್ಟೆಯಿಂದ ದತ್ತಾಂಶ ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶದ ಅದೇ ಮ್ಯಾಪ್ ಫೈಲ್ (ಯಾವ ಭಾಗ ಓದಿಯಾಗಿದೆ ಎಂಬ ಪಟ್ಟಿ) ಇಟ್ಟುಕೊಂಡು ಎರಡು ಮೂರು ಬೇರೆ ಕಂಪನಿಯ ಡ್ರೈವ್‌ಗಳಲ್ಲಿ ಓಡಿಸಬೇಕು. ಒಂದು ಬಿಟ್ಟ ಸೆಕ್ಟರನ್ನು ಇನ್ನೊಂದು ಓದುತ್ತದೆ. ಹಾಡಿನ ಟ್ರ್ಯಾಕ್ ಬೆರೆತ ಸೀಡಿಗಳನ್ನು ಐಎಸ್‌ಒ ಎಂಬ ಬಗೆಯ ಫೈಲ್ ಮಾಡಬೇಡಿ, ಹಾಡುಗಳು ಉಳಿಯುವುದಿಲ್ಲ. ಹಾಡುಗಳನ್ನೂ ಉಳಿಸುವ ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್ ಆಗಿಯೇ ಇಡಿ.

ಈಗ ಕೈಯಲ್ಲಿರುವುದು ನಮ್ಮ ದೇಶದ ಪತ್ರಿಕೆಗಳು. ಡಿಜಿಟ್‌ನ ಆರಂಭದ ವರ್ಷಗಳು, ಅದೇ ಬಳಗದ ಗೇಮಿಂಗ್ ಪತ್ರಿಕೆ ಸ್ಕೋರ್, ಅವುಗಳ ತಟ್ಟೆಗಳು. ಅಮೆರಿಕ ಮತ್ತು ಬ್ರಿಟನ್ನಿನ ಪತ್ರಿಕೆಗಳನ್ನು ಉಳಿಸಲು ಅಲ್ಲಿಯವರಿದ್ದಾರೆ, ಇವನ್ನು ಉಳಿಸಬೇಕಾದವರು ನಾವು. ಇವುಗಳಲ್ಲಿ ನಾನು ಜಾಹೀರಾತಿನ ಒಂದು ಪುಟವನ್ನೂ ಬಿಡುವುದಿಲ್ಲ, ಏಕೆಂದರೆ ಆ ಕಾಲದ ಗ್ರಾಫಿಕ್ಸ್ ಕಾರ್ಡಿಗೆ ನಮ್ಮವರು ಎಷ್ಟು ರೂಪಾಯಿ ಕೊಟ್ಟರು ಎಂಬುದು ದಾಖಲಾಗಿರುವುದು ಅಲ್ಲಿ. ಮುಖಪುಟದ ಮೇಲೆ ಅಂಗಡಿಯವರು ಅಂಟಿಸಿದ ಬೆಲೆಯ ಚೀಟಿಯನ್ನೂ ಕಿತ್ತು ಎಸೆಯಬೇಡಿ. ಚೀಟಿ ಇರುವ ಹಾಗೆ ಒಮ್ಮೆ, ಇಸ್ತ್ರಿಯ ಶಾಖಕ್ಕೆ ಅದನ್ನು ಬಿಡಿಸಿ ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಡಿ.