ಒಣದ್ರಾಕ್ಷಿ ಲೆಕ್ಕದಿಂದ ಕ್ಯಾಪ್ ಕಲಿಯೋದು: ಮಾಡೆಲ್ ಮೊದ್ಲು, ಕೋಡ್ ಆಮ್ಯಾಲೆ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹುಡುಗ್ರು ಬ್ಯಾಕೆಂಡ್ ಕಲಿಯಾಕ ಕುಂತ್ರ ಮೊದ್ಲು ಎಕ್ಸ್‌ಪ್ರೆಸ್ (ನೋಡ್‌ಜೆಎಸ್‌ನ ವೆಬ್ ಫ್ರೇಮ್‌ವರ್ಕ್) ಹಾಕ್ತಾರ, ಒಂದು ಟೇಬಲ್‌ಗೆ ನಾಕು ರೂಟ್ ಬರೀತಾರ, ಇನ್ನೊಂದು ಟೇಬಲ್ ಬಂತಂದ್ರ ಅದನ್ನ ಕಾಪಿ ಮಾಡಿ ಹೆಸರು ಬದಲ್ಸ್ತಾರ, ಹಿಂಗ ವಾರಗಟ್ಲೆ ಹೋಗ್ತೈತಿ ಆದ್ರ ಧಂದೆದ್ ಲೆಕ್ಕ ಇನ್ನೂ ಶುರುನ ಆಗಿರೂದಿಲ್ಲ. ಮಾಡೆಲ್ ಡ್ರಿವನ್ ಫ್ರೇಮ್‌ವರ್ಕ್‌ನಾಗ ಇದು ಉಲ್ಟಾ ರೀ. ಡೇಟಾ ಹೆಂಗೈತಿ ಅಂತ ನೀವು ಬರದ್ ಕೊಟ್ರ ಟೇಬಲ್, ಎಪಿಐ, ಫಿಲ್ಟರ್, ಪೇಜಿಂಗ್ ಎಲ್ಲಾ ಅದ ಮಾಡ್ಕೋತೈತಿ, ನಿಮ್ಮ ಕೈಲಿ ಉಳಿಯೋದು ನಿಜವಾದ ರೂಲ್ ಅಷ್ಟ. ನಾನಿಲ್ಲಿ ಎಸ್‌ಎಪಿಯವರ ಕ್ಯಾಪ್ (CAP) ಅನ್ನೋ ಅಂಥಾ ಫ್ರೇಮ್‌ವರ್ಕ್ ಹಿಡ್ಕೊಂಡು ಹೇಳ್ತೀನಿ. ಎಸ್‌ಎಪಿ ಅಂದ ಕೂಡ್ಲೆ ದೊಡ್ಡ ಕಂಪ್ನಿದು, ದುಡ್ಡು ಕೊಡ್ಬೇಕು ಅಂತ ಹೆದರಬ್ಯಾಡ್ರಿ, ನಿಮ್ಮ ಲ್ಯಾಪ್‌ಟಾಪ್‌ನಾಗ ಓಡ್ಸಾಕ ಏನೂ ಖರ್ಚಿಲ್ಲ, ಎನ್‌ಪಿಎಂನಿಂದ (ನೋಡ್‌ಜೆಎಸ್ ಪ್ಯಾಕೇಜ್ ಇಳಿಸೋ ಟೂಲ್) ಇಳಿಸ್ಕೊಂಡ್ರ ಮುಗೀತು.

ಉದಾಹರಣೆಗೆ ಪುಸ್ತಕದಂಗಡಿ ಬ್ಯಾಡ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಒಣಗಿಸಿ ಕೋಲ್ಡ್ ಸ್ಟೋರೇಜಿಗೆ ಹಾಕ್ತಾರಲ್ಲ, ರೇಟ್ ಬಂದಾಗ ಸ್ವಲ್ಪ ಸ್ವಲ್ಪ ತೆಗೆದು ತಾಸಗಾಂವ, ಸಾಂಗ್ಲಿ ಮಾರ್ಕೆಟ್ಟಿಗೆ ಕಳಸ್ತಾರಲ್ಲ, ಆ ಲೆಕ್ಕ ತಗೋಳ್ರಿ.

ಕೀಬೋರ್ಡ್ ಮುಟ್ಟೋಕ್ಕಿಂತ ಮೊದ್ಲು ಯಾವ್ದರ ಸ್ಟೋರೇಜಿಗೆ ಹೋಗಿ ಅವರ ರಜಿಸ್ಟರ್ ನೋಡ್ರಿ, ಗುಮಾಸ್ತರನ್ನ ಕೇಳ್ರಿ. ಒಂದು ಲಾಟ್‌ನಾಗ ಇಬ್ಬರು ರೈತರ ಮಾಲು ಇರ್ತೈತೇನು? ಲಾಟ್ ನಂಬರ್ ಪ್ರತಿ ಸೀಜನ್ ಒಂದರಿಂದ ಶುರು ಆಗ್ತೈತೇನು? ಮಾಲು ಒಳಗ ಇದ್ದಂಗನ ರೈತ ವ್ಯಾಪಾರಿಗೆ ಮಾರಿದ್ರ ಆ ಲಾಟ್ ಯಾರ ಹೆಸರಿಗೆ ಹೋಗ್ತೈತಿ? ಈ ಮೂರನೇ ಪ್ರಶ್ನೆ ಭಾಳ ಮುಖ್ಯ, ಯಾಕಂದ್ರ ಅಲ್ಲಿ ಒಂದ್ ಕಿಲೋ ಸಹಿತ ಅಲುಗಾಡೂದಿಲ್ಲ, ಮಾಲಕ ಬದಲಾಗ್ತಾನ, ಅಂದ್ರ ತೂಕದ್ ಲೆಕ್ಕ ಬ್ಯಾರೆ ಮಾಲಕತ್ವದ್ ಲೆಕ್ಕ ಬ್ಯಾರೆ ಅಂತಾಯ್ತು. ಇದನ್ನ ಮೊದ್ಲ ದಿನ ತಿಳ್ಕೊಂಡ್ರ ಮಾಡೆಲ್ ಸರಿ ಬರ್ತೈತಿ, ಆರು ತಿಂಗಳ ಮ್ಯಾಲೆ ತಿಳಿದ್ರ ಅರ್ಧ ಒಡದ್ ಕಟ್ಬೇಕಾಗ್ತೈತಿ.

ಈಗ ಇನ್‌ಸ್ಟಾಲ್. ನೋಡ್‌ಜೆಎಸ್‌ನ ಎಲ್‌ಟಿಎಸ್ (ಭಾಳ ದಿನ ಸಪೋರ್ಟ್ ಇರೋ) ವರ್ಷನ್ ಹಾಕ್ಕೊಳ್ರಿ, ಎನ್‌ಪಿಎಂನಿಂದ @ಎಸ್‌ಎಪಿ/ಸಿಡಿಎಸ್-ಡಿಕೆ (@sap/cds-dk) ಪ್ಯಾಕೇಜ್ ಗ್ಲೋಬಲ್ ಆಗಿ ಹಾಕ್ರಿ, ಸಿಡಿಎಸ್ ಅಂದ್ರ ಕ್ಯಾಪ್‌ನಾಗ ಮಾಡೆಲ್ ಬರಿಯೋ ಭಾಷಾ, ವಿಎಸ್ ಕೋಡ್‌ನಾಗ ಸಿಡಿಎಸ್ ಲ್ಯಾಂಗ್ವೇಜ್ ಸಪೋರ್ಟ್ ಎಕ್ಸ್‌ಟೆನ್ಷನ್ ಇರಲಿ. ಟರ್ಮಿನಲ್‌ನಾಗ ‘ಸಿಡಿಎಸ್ ಇನಿಟ್’ ಜೋಡಿ ಪ್ರಾಜೆಕ್ಟ್ ಹೆಸರು ಕೊಟ್ರ ಡಿಬಿ, ಎಸ್‌ಆರ್‌ವಿ, ಆ್ಯಪ್ ಅಂತ ಮೂರು ಫೋಲ್ಡರ್ ಬರ್ತಾವ: ಡಿಬಿನಾಗ ಮಾಡೆಲ್, ಎಸ್‌ಆರ್‌ವಿನಾಗ ಸರ್ವೀಸ್, ಆ್ಯಪ್‌ನಾಗ ಸ್ಕ್ರೀನ್. ಆಮ್ಯಾಲೆ ಎಸ್‌ಕ್ಯೂಲೈಟ್ (ಸಣ್ಣ ಡೇಟಾಬೇಸ್) ಸೇರ್ಸಾಕ ‘ಸಿಡಿಎಸ್ ಆ್ಯಡ್ ಎಸ್‌ಕ್ಯೂಲೈಟ್’ ಕೊಡ್ರಿ, ಅದಾದ ಮ್ಯಾಲೆ ಎನ್‌ಪಿಎಂ ಇನ್‌ಸ್ಟಾಲ್ ಹೊಡೀರಿ. ಕೊನೀಗೆ ‘ಸಿಡಿಎಸ್ ವಾಚ್’ ಒಂದು ಟರ್ಮಿನಲ್‌ನಾಗ ಓಡ್ತಾ ಇರಲಿ, ನೀವು ಫೈಲ್ ಸೇವ್ ಮಾಡಿದಾಗೊಮ್ಮೆ ಅದ ರೀಸ್ಟಾರ್ಟ್ ಆಗ್ತೈತಿ.

ಡಿಬಿ ಫೋಲ್ಡರ್‌ನಾಗ ಸ್ಕೀಮಾ ಫೈಲ್ ತೆಗೀರಿ, ನೇಮ್‌ಸ್ಪೇಸ್ (ಮಾಡೆಲ್‌ನ ಗುಂಪಿನ ಹೆಸರು) ಕೊಡ್ರಿ, ರೈತ, ಒಣದ್ರಾಕ್ಷಿ ಬಣ್ಣ, ಲಾಟ್, ಹೊರಗ ಹೋದ ಮಾಲು ಅಂತ ನಾಕು ಎಂಟಿಟಿ ಬರೀರಿ, ಒಂದೊಂದು ಎಂಟಿಟಿನೂ ಒಂದೊಂದು ಟೇಬಲ್ ಆಗ್ತೈತಿ. ಎಂಟಿಟಿ, ಫೀಲ್ಡ್ ಹೆಸರೆಲ್ಲ ಇಂಗ್ಲಿಷ್‌ನಾಗ ಇರಲಿ, ಸ್ಕ್ರೀನ್ ಮ್ಯಾಲಿನ ಕನ್ನಡ ಲೇಬಲ್‌ಗೆ ಬ್ಯಾರೆ ಪ್ರಾಪರ್ಟೀಸ್ ಫೈಲ್ ಐತಿ, ಅದು ಆಮ್ಯಾಲಿನ ಮಾತು. ಕೀಗೆ (ಸಾಲು ಗುರುತ್ಸೋ ಫೀಲ್ಡಿಗೆ) ಲಾಟ್ ನಂಬರ್ ಇಡಬ್ಯಾಡ್ರಿ, ಸೀಜನ್ ಬದಲಾದ್ರ ಅದ ನಂಬರ್ ತಿರುಗಿ ಬರ್ತೈತಿ. ಕ್ಯಾಪ್‌ನ ಕಾಮನ್ ಮಾಡೆಲ್‌ನಾಗ ಸಿಯುಐಡಿ ಅನ್ನೋ ಆಸ್ಪೆಕ್ಟ್ (ತಯಾರ್ ಫೀಲ್ಡ್‌ಗೋಳ ಗುಂಪು) ಐತಿ, ಅದನ್ನ ಹಚ್ಚಿದ್ರ ಯುಯುಐಡಿ (ತಿರುಗಿ ಬರದಂಥಾ ಉದ್ದ ಐಡಿ) ಕೀ ತಾನ ಹುಟ್ಟತೈತಿ, ಜೋಡಿಗೆ ಮ್ಯಾನೇಜ್ಡ್ ಹಚ್ರಿ, ಯಾರು ಯಾವಾಗ ಬರದ್ರು, ಯಾರು ಯಾವಾಗ ತಿದ್ದಿದ್ರು ಅಂತ ನಾಕು ಫೀಲ್ಡ್ ಅದ ತುಂಬ್ಕೋತೈತಿ. ರೊಕ್ಕದ್ ವ್ಯವಹಾರ ಇರೋ ಕಡೆ ಈ ನಾಕು ಫೀಲ್ಡ್ ಇರಾಕ ಬೇಕು. ತೂಕಕ್ಕ ಡಬಲ್ ಬ್ಯಾಡ, ಡೆಸಿಮಲ್ ಇಡ್ರಿ, ಫ್ಲೋಟಿಂಗ್ ಪಾಯಿಂಟ್‌ನಾಗ ಕೂಡಿ ಕಳದ್ರ ಕೊನೀಗೆ ಗ್ರಾಂ ಲೆಕ್ಕ ತಪ್ಪತೈತಿ.

ಸಂಬಂಧದ್ದು ಎರಡು ಥರ. ಲಾಟ್‌ನಿಂದ ರೈತಗ ಅಸೋಸಿಯೇಷನ್, ಯಾಕಂದ್ರ ಲಾಟ್ ಹೋದ್ರೂ ರೈತ ಇರ್ತಾನ. ಲಾಟ್‌ನಿಂದ ಹೊರಗ ಹೋದ ಎಂಟ್ರಿಗೋಳಿಗೆ ಕಾಂಪೊಸಿಷನ್, ಅವು ಲಾಟ್ ಬಿಟ್ಟು ಬದುಕೂದಿಲ್ಲ. ಕಾಂಪೊಸಿಷನ್ ಇಟ್ರ ಲಾಟ್ ಡಿಲೀಟ್ ಮಾಡಿದಾಗ ಅದರ ಎಂಟ್ರಿನೂ ಎಲ್ಲಾ ಅಳಿಸಿ ಹೋಗ್ತಾವ, ಅದಕ್ಕ ಸರ್ವೀಸ್‌ನಾಗ ಲಾಟ್ ಡಿಲೀಟ್ ಮಾಡಾಕ ಅವಕಾಶನ ಕೊಡಬ್ಯಾಡ್ರಿ, ರಜಿಸ್ಟರ್‌ನಾಗ ಯಾರೂ ಹಾಳಿ ಹರಿಯೂದಿಲ್ಲ.

ಟೆಸ್ಟ್ ಡೇಟಾಕ್ಕ ಸಿಎಸ್‌ವಿ ಫೈಲ್. ಫೈಲ್ ಹೆಸರು ನೇಮ್‌ಸ್ಪೇಸ್, ನಡುವ ಹೈಫನ್, ಆಮ್ಯಾಲೆ ಎಂಟಿಟಿ ಹೆಸರು, ಹಿಂಗ ಇರಬೇಕು, ಒಂದಕ್ಷರ ತಪ್ಪಿದ್ರ ಡೇಟಾ ಬರೂದಿಲ್ಲ. ಹೊಸಬ್ರು ಸಿಕ್ಕೊಳ್ಳೋದು ಇನ್ನೊಂದ್ ಕಡೆ: ಮಾಡೆಲ್‌ನಾಗ ನೀವು ‘ಫಾರ್ಮರ್’ ಅಂತಷ್ಟ ಬರ್ದಿರ್ತೀರಿ, ಆದ್ರ ಟೇಬಲ್‌ನಾಗ ಕಾಲಂ ಹೆಸರು ‘ಫಾರ್ಮರ್_ಐಡಿ’ ಆಗಿರ್ತೈತಿ, ಐಡಿ ಕ್ಯಾಪಿಟಲ್‌ನಾಗ, ಸಿಎಸ್‌ವಿ ಹೆಡರ್‌ನಾಗ ಅದನ್ನ ಹಾಕ್ಬೇಕು. ಇನ್ನ ಕನ್ನಡ ಹೆಸರು ಎಕ್ಸೆಲ್‌ನಾಗ ಟೈಪ್ ಮಾಡಿ ಬರೇ ಸಿಎಸ್‌ವಿ ಅಂತ ಸೇವ್ ಮಾಡಿದ್ರ ಎಲ್ಲಾ ಪ್ರಶ್ನೆ ಚಿಹ್ನೆ ಆಗಿಬಿಡ್ತಾವ, ಸೇವ್ ಆ್ಯಸ್‌ನಾಗ ಸಿಎಸ್‌ವಿ ಯುಟಿಎಫ್-8 ಆರ್ಸ್ರಿ.

ಎಸ್‌ಆರ್‌ವಿನಾಗ ಸರ್ವೀಸ್ ಬರೀರಿ. ಇಲ್ಲಿ ಎಲ್ಲಾ ಎಂಟಿಟಿ ಹಂಗ ಹೊರಗ ಬಿಡಬ್ಯಾಡ್ರಿ, ಯಾರಿಗೆ ಏನು ಬೇಕೋ ಅಷ್ಟ ಪ್ರೊಜೆಕ್ಷನ್ ಮಾಡ್ರಿ. ಗುಮಾಸ್ತಗ ಒಂದು ಸರ್ವೀಸ್, ರೈತಗ ಒಂದು, ಎರಡೂ ಅದ ಟೇಬಲ್ ಮ್ಯಾಲೆ. ಸೇವ್ ಮಾಡಿ ಬ್ರೌಸರ್‌ನಾಗ ಲೋಕಲ್‌ಹೋಸ್ಟ್ 4004 ಪೋರ್ಟ್ ತೆರೀರಿ, ಎಂಟಿಟಿಗೋಳ ಲಿಂಕ್ ಕಾಣಸ್ತಾವ. ಒಂದ್ ಸಾಲು ಜಾವಾಸ್ಕ್ರಿಪ್ಟ್ ಬರೀದ ಒಡೇಟಾ ವಿ4 (ಡೇಟಾ ಕೇಳೋ ಒಂದು ಸ್ಟ್ಯಾಂಡರ್ಡ್ ಪದ್ಧತಿ) ಎಪಿಐ ತಯಾರು: $ಫಿಲ್ಟರ್ ಹಾಕಿ ಉಳಿಕೆ ಇರೋ ಲಾಟ್ ಅಷ್ಟ ತರ್ಬೋದು, $ಎಕ್ಸ್‌ಪ್ಯಾಂಡ್ ಹಾಕಿ ಲಾಟ್ ಜೋಡಿ ರೈತನ ಊರು ತರ್ಬೋದು. ಇಲ್ಲಿ ಸ್ವಲ್ಪ ಹೊತ್ತು ಆಟಾಡ್ರಿ, ಕೋಡ್ ಬರಿಯಾಕ ಅವಸರ ಮಾಡಬ್ಯಾಡ್ರಿ.

ಕೋಡ್ ಬೇಕಾಗೋದು ಒಂದ ಕಡೆ: ಲಾಟ್‌ನಾಗ ಇದ್ದದ್ದಕ್ಕಿಂತ ಜಾಸ್ತಿ ಮಾಲು ಹೊರಗ ಹೋಗಬಾರದು. ಇದಕ್ಕ ಸರ್ವೀಸ್‌ನಾಗ ಒಂದು ಆ್ಯಕ್ಷನ್ (ಹೊರಗಿಂದ ಕರಿಯೋ ಫಂಕ್ಷನ್) ಡಿಕ್ಲೇರ್ ಮಾಡ್ರಿ, ಲಾಟ್ ಐಡಿ ಮತ್ತ ಕಿಲೋ ತಗೋತೈತಿ, ಎಚ್‌ಟಿಟಿಪಿ ಪೋಸ್ಟ್‌ನಿಂದ ಕರೀತಾರ. ಲಾಟ್‌ನ ಉಳಿಕೆ ಫೀಲ್ಡ್ @ರೀಡ್‌ಓನ್ಲಿ ಇರಲಿ, ಆ್ಯಕ್ಷನ್ ಬಿಟ್ಟು ಯಾರೂ ಅದನ್ನ ಮುಟ್ಟಬಾರದು. ಸಿಡಿಎಸ್ ಫೈಲ್‌ಗೆ ಏನ್ ಹೆಸರೈತೋ ಅದ ಹೆಸರಿನ ಜೆಎಸ್ ಫೈಲ್ ಬಾಜೂಕ ಇಟ್ರ ಕ್ಯಾಪ್ ತಾನ ಹುಡಿಕೋತೈತಿ.

ಆ ಜೆಎಸ್ ಫೈಲ್‌ನಾಗಿನ ಹ್ಯಾಂಡ್ಲರ್‌ನಾಗ (ಆ್ಯಕ್ಷನ್ ಕರದಾಗ ಓಡೋ ಕೋಡ್) ಭಾಳ ಮಂದಿ ಮೊದ್ಲು ಉಳಿಕೆ ಓದ್ತಾರ, ಇಫ್ ಹಾಕಿ ನೋಡ್ತಾರ, ಆಮ್ಯಾಲೆ ಕಳೀತಾರ. ಎರಡು ಕೌಂಟರ್‌ನಾಗ ಇಬ್ಬರು ಗುಮಾಸ್ತರು ಒಂದ ಲಾಟ್‌ಗೆ ಒಂದ ಹೊತ್ತಿನಾಗ ಗೇಟ್‌ಪಾಸ್ ತೆಗದ್ರಂದ್ರ? ಉಳಿಕೆ 500 ಕಿಲೋ, ಇಬ್ಬರೂ 400 ಕೇಳ್ಯಾರ, ಇಬ್ಬರೂ 500 ಅಂತ ಓದ್ಯಾರ, ಇಬ್ಬರಿಗೂ ಓಕೆ ಆಗ್ತೈತಿ, ಇಲ್ಲದ 300 ಕಿಲೋ ಗೇಟ್ ದಾಟ್ತೈತಿ. ಅದಕ್ಕ ಓದೋದು ಕಳಿಯೋದು ಬ್ಯಾರೆ ಮಾಡದ ಒಂದ ಅಪ್‌ಡೇಟ್ ಕ್ವೆರಿ ಬರೀರಿ: ಉಳಿಕೆಯಾಗ ಇಷ್ಟು ಕಳಿ, ಆದ್ರ ಉಳಿಕೆ ಇಷ್ಟಕ್ಕಿಂತ ಕಡಿಮಿ ಇರದಿದ್ರ ಅಷ್ಟ, ಅಂತ ವೇರ್ ಕಂಡೀಷನ್ ಜೋಡಿ. ಎಷ್ಟು ಸಾಲು ಬದಲಾದ್ವು ಅಂತ ಆ ಕ್ವೆರಿ ನಂಬರ್ ವಾಪಸ್ ಕೊಡ್ತೈತಿ, ಸೊನ್ನೆ ಬಂದ್ರ ರಿಕ್ವೆಸ್ಟ್ ರಿಜೆಕ್ಟ್ ಮಾಡ್ರಿ, 409 (ಡೇಟಾ ಜೋಡಿ ಹೊಂದೂದಿಲ್ಲ ಅನ್ನೋ ಎಚ್‌ಟಿಟಿಪಿ) ಕೋಡ್ ಕೊಟ್ಟು ‘ಲಾಟ್‌ನಾಗ ಇಷ್ಟು ಮಾಲಿಲ್ಲ’ ಅಂತ ಕನ್ನಡದಾಗನ ಹೇಳ್ರಿ. ಒಂದು ಬಂದ್ರ ಹೊರಗ ಹೋದ ಎಂಟ್ರಿ ಇನ್ಸರ್ಟ್ ಮಾಡ್ರಿ. ಒಂದು ರಿಕ್ವೆಸ್ಟ್ ಪೂರಾ ಒಂದ ಟ್ರಾನ್ಸಾಕ್ಷನ್‌ನಾಗ ಓಡ್ತೈತಿ, ನಡುವ ಎರರ್ ಬಂದ್ರ ಕಳೆದದ್ದೂ ವಾಪಸ್. ಹಾಂ, ಕಿಲೋ ಸೊನ್ನೆಕ್ಕಿಂತ ದೊಡ್ಡದೈತೇನು ಅಂತ ಮೊದ್ಲ ನೋಡ್ರಿ, ಮೈನಸ್ ನಂಬರ್ ಕಳಿಸಿದ್ರ ಉಳಿಕೆ ಏರ್ತೈತಿ!

ಬಣ್ಣದ ಹೆಸರಿಗೆ ಲೋಕಲೈಸ್ಡ್ ಅಂತ ಒಂದು ಪದ ಹಚ್ರಿ, ಟೆಕ್ಸ್ಟ್ ಟೇಬಲ್ ಅದ ಹುಟ್ಟಸ್ತೈತಿ. ನಮ್ಮ ರೈತಗ ‘ಹಸಿರು’, ಸಾಂಗ್ಲಿ ವ್ಯಾಪಾರಿಗೆ ಮರಾಠಿನಾಗ ‘ಹಿರವಾ’, ಬ್ರೌಸರ್ ಕಳಸೋ ಭಾಷಾ ಹೆಡರ್ ನೋಡಿ ತಾನ ಆರಸ್ತೈತಿ. ನಮ್ಮ ಗಡಿ ಜಿಲ್ಲೆಗೋಳಿಗೆ ಇದು ಶೋಕಿಗೆ ಅಲ್ಲ, ದಿನಾ ಬೇಕಾಗೋದು.

ರೈತಗ ತನ್ನ ಲಾಟ್ ಅಷ್ಟ ಕಾಣಬೇಕಂದ್ರ @ರಿಸ್ಟ್ರಿಕ್ಟ್ ಹಾಕಿ ವೇರ್‌ನಾಗ $ಯೂಸರ್ ಜೋಡಿ ಹೊಂದಿಸ್ರಿ. ಲೋಕಲ್‌ನಾಗ ಆಲಿಸ್, ಬಾಬ್ ಅನ್ನೋ ಸುಳ್ಳು ಯೂಸರ್ ಮೊದ್ಲ ಇರ್ತಾರ, ಅವರಿಂದ ಟೆಸ್ಟ್ ಆಗ್ತೈತಿ, ಪ್ರೊಡಕ್ಷನ್‌ನಾಗ ಖರೇ ಲಾಗಿನ್ ಬೇಕಾಗ್ತೈತಿ.

ಇಷ್ಟೊತ್ತು ಡೇಟಾ ಮೆಮರಿನಾಗ ಇತ್ತು, ಸರ್ವರ್ ನಿಂತ್ರ ಹೋಗ್ತೈತಿ. ‘ಸಿಡಿಎಸ್ ಡಿಪ್ಲಾಯ್’ ಹಾಕಿ ಎಸ್‌ಕ್ಯೂಲೈಟ್ ಫೈಲ್ ಮಾಡ್ಕೊಬೋದು, ಆದ್ರ ಮತ್ತೊಮ್ಮೆ ಡಿಪ್ಲಾಯ್ ಮಾಡಿದ್ರ ಹಳೇ ಟೇಬಲ್ ಕೆಡವಿ ಹೊಸಾದ್ ಕಟ್ಟತೈತಿ, ಖರೇ ಲೆಕ್ಕ ಅದರಾಗ ಇಡಬ್ಯಾಡ್ರಿ. ಖರೇ ಓಡಸಾಕ ಪೋಸ್ಟ್‌ಗ್ರೆಸ್ ಅಥವಾ ಎಸ್‌ಎಪಿಯವರ ಹಾನಾ ಡೇಟಾಬೇಸ್, ಸಣ್ಣ ಸ್ಟೋರೇಜಿಗೆ ಪೋಸ್ಟ್‌ಗ್ರೆಸ್ ಸಾಕು, ಮಾಡೆಲ್ ಅದ ಇರ್ತೈತಿ. ಹೋಗೋಕ್ಕಿಂತ ಮೊದ್ಲು ಸಿಎಸ್‌ವಿ ಬ್ಯಾರೆ ಬ್ಯಾರೆ ಮಾಡ್ರಿ: ಬಣ್ಣದ ಪಟ್ಟಿಯಂಥಾದ್ದು ಡಿಬಿ ಒಳಗಿನ ಡೇಟಾ ಫೋಲ್ಡರ್‌ನಾಗ ಇರಲಿ, ಸುಳ್ಳು ರೈತರು, ಸುಳ್ಳು ಲಾಟ್ ಎಲ್ಲಾ ಟೆಸ್ಟ್ ಒಳಗಿನ ಡೇಟಾ ಫೋಲ್ಡರಿಗೆ ಹೋಗ್ಲಿ. ಇಲ್ಲಂದ್ರ ಅವು ಪ್ರೊಡಕ್ಷನ್ ಟೇಬಲ್‌ನಾಗ ಹೋಗಿ ಕುಂದರ್ತಾವ.